ರಾಕ್ಷಸನಿಗೂ ಒಂದು ನೋಟೀಸು

ಕಾಯಿಲೆ ಬಿದ್ದ ಮನೆಗೂ ನಗು ಬರುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ಸದ್ದು ಮಾಡದೆ ಬರುತ್ತದೆ, ಅಷ್ಟೇ. ಕವಲಂದೆಯಲ್ಲೂ ತಿ. ನರಸೀಪುರದಲ್ಲೂ ಮೂವತ್ತೆರಡು ವರ್ಷ ನರ್ಸಾಗಿದ್ದ ನಾನು ಅದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ನಂಜನಗೂಡಿನ ನಮ್ಮ ಮನೆಗೆ ಅದು ಎರಡು ಕಂಪ್ಯೂಟರ್ ಆಟಗಳ ಜೊತೆ ಬಂತು. ಮೊದಲ ಆಟ ಒಂದು, ಅದರ ಮುಂದುವರಿದ ಭಾಗ ಇನ್ನೊಂದು.

ನಮ್ಮ ಮನೆಯವರು ಈಗಿಲ್ಲ. ಅವರು ಹೆಮ್ಮಿಗೆಯವರು, ತಾಲ್ಲೂಕಿನಲ್ಲಿ ಸರ್ವೇಯರ್ ಆಗಿದ್ದವರು. ನಿವೃತ್ತಿಗೆ ಒಂದು ವರ್ಷ ಇರುವಾಗ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಾಲು ಸ್ವಲ್ಪ ತಿರುಗಿ ಬಂತು. ಮಾತಿನಲ್ಲಿ ಉಳಿದದ್ದು "ಇಲ್ಲ" ಎಂಬುದೊಂದೇ. ಕಾಫಿ ಬೇಕೇ ಎಂದರೆ "ಇಲ್ಲ" ಎನ್ನುತ್ತಲೇ ಲೋಟಕ್ಕೆ ಎಡಗೈ ಚಾಚುತ್ತಿದ್ದರು. ಮೈಸೂರಿನ ಡಾಕ್ಟರು ನನ್ನನ್ನು ಹೊರಗೆ ಕರೆದು, "ಸಿಸ್ಟರ್, ನಿಮಗೆ ಗೊತ್ತಿರುವುದೇ. ಮಾತು ಬಂದರೆ ಒಂದು ವರ್ಷದೊಳಗೆ ಬರಬೇಕು. ಎಡಗೈಗೆ, ಮನಸ್ಸಿಗೆ ಏನಾದರೂ ಕೆಲಸ ಕೊಡಿ" ಎಂದರು. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ವರ್ಷ ತುಂಬುವ ತಾರೀಖಿಗೆ ಗುರುತು ಹಾಕಿಕೊಂಡೆ.

೧. ಪರರ ಪೆಟ್ಟಿಗೆ

ನನ್ನ ನಾದಿನಿಯ ಮಗಳು ಪೇಟೆಯಲ್ಲಿ ಕಂಪ್ಯೂಟರ್ ಕಲಿಸುವ ಸೆಂಟರ್ ನಡೆಸುತ್ತಿದ್ದಳು. ಅಲ್ಲಿ ಹಳೆಯದಾದ ಒಂದನ್ನು ಆಟೋದಲ್ಲಿ ತಂದು ಇವರ ಮುಂದೆ ಇಟ್ಟಳು.

"ಮಾವ, ಇದ್ರಲ್ಲಿ ಒಂದು ಆಟ ಇದೆ. ಬಾಣದ ಗುರುತಿರೋ ನಾಕು ಕೀ, ಅಷ್ಟೇ. ಎಡಗೈಯಲ್ಲೇ ಆಡ್ಬೋದು."

ಒಬ್ಬ ವೀರ ತನ್ನ ಹಳ್ಳಿಯಿಂದ ಹೊರಟು, ಕಾಡು ಕೋಟೆ ಸುತ್ತಿ, ಕೊನೆಗೆ ಗವಿಯಲ್ಲಿರುವ ರಾಕ್ಷಸನನ್ನು ಕೊಲ್ಲಬೇಕು. ಒಂದು ಸಲ ಕೀ ಒತ್ತಿದರೆ ಒಂದು ಹೆಜ್ಜೆ. ದಾರಿಯಲ್ಲಿ ಸಿಕ್ಕ ಮನೆಗಳಿಗೆ ನುಗ್ಗಿ, ಪೆಟ್ಟಿಗೆ ತೆರೆದು, ಔಷಧಿ ಕತ್ತಿ ಎತ್ತಿಕೊಳ್ಳುವುದು ಅಂಥ ಆಟಗಳ ಪದ್ಧತಿಯಂತೆ.

ಇವರ ವೀರ ಮೊದಲ ಮನೆಯ ಬಾಗಿಲಲ್ಲೇ ನಿಂತುಬಿಟ್ಟ.

"ಒಳಗೆ ಹೋಗಿ ಮಾವ, ಪೆಟ್ಟಿಗೇಲಿ ಔಷಧಿ ಇದೆ."

"ಇಲ್ಲ."

"ಅದಿಲ್ದಿದ್ರೆ ಕಾಡಲ್ಲಿ ಸತ್ತೋಗ್ತೀರಾ ಕಣ್ ಮಾವ."

"ಇಲ್ಲ."

ಮೂವತ್ತು ವರ್ಷದ ಸರ್ವಿಸಿನಲ್ಲಿ ಮನೆಯವರಿಲ್ಲದ ಮನೆಯ ಹೊಸ್ತಿಲು ದಾಟಿದವರಲ್ಲ. ಯಜಮಾನ ಬರಲಿ ಎಂದು ಕಾದರು. ಆ ಮೊದಲ ಆಟದ ಜನವೋ, ಗೊತ್ತುಗುರಿಯಿಲ್ಲದೆ ಬೀದಿಯಲ್ಲಿ ಅತ್ತಿಂದಿತ್ತ ಅಲೆಯುವವರು. ಯಾರೂ ಮನೆಗೆ ಹೋಗುವುದೇ ಇಲ್ಲ. ನಾನು ಸಾರಿಗೆ ಒಗ್ಗರಣೆ ಹಾಕಿ ಬಂದೆ, ಬಟ್ಟೆ ಒಗೆದು ಹರವಿ ಬಂದೆ. ವೀರ ನಿಂತೇ ಇದ್ದ. ಕೊನೆಗೆ ನಾದಿನಿಯ ಮಗಳು ಕೈಮುಗಿದಳು. "ಮಾವ, ಈ ಮನೆ ನಂದೇ ಅನ್ಕೊಳಿ. ನಾನೇ ಕರೀತಿದ್ದೀನಿ, ದಯವಿಟ್ಟು ಒಳಗೆ ಬನ್ನಿ!"

ಕರೆದ ಮೇಲೆ ಹೋದರು. ಇದ್ದ ಮೂರು ಸೀಸೆಗಳಲ್ಲಿ ಒಂದನ್ನು ತೆಗೆದುಕೊಂಡು, ಬಾಗಿಲು ಮುಂದಕ್ಕೆ ಎಳೆದುಕೊಂಡು ಬಂದರು.

೨. ಕೋಟೆಯ ಮೂಡಲ ಗೋಡೆ

ಮೊದಲ ಆಟದಲ್ಲಿ ನಕ್ಷೆ ಇರಲಿಲ್ಲ. ಯಾವ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಆಡುವವರೇ ನೆನಪಿಟ್ಟುಕೊಳ್ಳಬೇಕು. ಅದೊಂದು ದೊಡ್ಡ ಕೊರತೆ ಎಂದು ಆಡಿದವರೆಲ್ಲ ಬೈಯುತ್ತಿದ್ದರಂತೆ. ಇವರು ಬೈಯಲಿಲ್ಲ. ಮಂಚದ ಕೆಳಗಿನ ಟ್ರಂಕಿನ ಕಡೆ ಬೆರಳು ತೋರಿಸಿದರು. ಅದರಲ್ಲಿ ಚೌಕಳಿ ಹಾಳೆಗಳು, ಸ್ಕೇಲು, ಪೆನ್ಸಿಲ್ಲು ಇದ್ದವು.

ಒಂದಕ್ಷರ ಬರೆಯಲಾರದ ಎಡಗೈ ಗೆರೆ ಎಳೆಯಿತು. ಹೆಜ್ಜೆಗೊಂದು ಚೌಕದಂತೆ ಇಡೀ ನಾಡನ್ನು ಅಳೆಯಲು ಕೂತರು. ಬಾವಿ, ಬಂಡಿದಾರಿ, ಮೂಲೆಮೂಲೆಗೂ ಗಡಿಕಲ್ಲಿನ ಗುರುತು. ವೀರ ಹುಟ್ಟಿದ ಹಳ್ಳಿಯ ಹದಿನಾಲ್ಕು ಮನೆಗಳಲ್ಲಿ ಒಂದೂ ಬಿಡಲಿಲ್ಲ.

ಹೀಗಿರುವಾಗ ಆಟದೊಳಗೆ ಒಬ್ಬ ದೂತ ಓಡಿ ಬಂದ. ಕೋಟೆಯಲ್ಲಿ ರಾಜಕುಮಾರಿ ಸೆರೆಯಲ್ಲಿದ್ದಾಳೆ, ತಡಮಾಡಿದರೆ ಉಳಿಯುವುದಿಲ್ಲ ಎಂದ. ಇವರ ವೀರ ಕೋಟೆಗೆ ಹೋದ, ಆದರೆ ಒಳಗೆ ಹೋಗಲಿಲ್ಲ. ಹೊರಗೋಡೆಗೆ ತಾಗಿಕೊಂಡು ಹೆಜ್ಜೆ ಎಣಿಸತೊಡಗಿದ. ವಾರಕ್ಕೆರಡು ಸಲ ಗಡ್ಡ ಕೆರೆಯಲು ಬರುತ್ತಿದ್ದ ದೇವನೂರಿನ ಕ್ಷೌರಿಕರು ಕತ್ತಿ ಹಿಡಿದುಕೊಂಡೇ ನೋಡಿದರು.

"ಇದೇನವ್ವಾ, ಆ ಎಣ್ಣೆಂಗ್ಸು ಒಳ್ಗೆ ಬಾಯ್ ಬಾಯ್ ಬಡ್ಕೋತಾವ್ಳೆ, ಸಾಯೇಬ್ರು ಗ್ವಾಡೆ ಅಳೀತಾವ್ರಲ್ಲ! ಸಾ, ಒಳೀಕೋಗಿ ಸಾ!"

ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡಿದ್ದ ನಮ್ಮವರು ಪೆನ್ಸಿಲ್ ಎತ್ತಿ, ನಾಲಿಗೆಯನ್ನು ಎರಡು ಸಲ ತಿರುವಿ, "ಮೂಡಲು" ಎಂದರು.

ಮೂಡಲ ಗೋಡೆ ಅಳೆಯುವುದು ಬಾಕಿಯಿತ್ತು. ಐದು ತಿಂಗಳಲ್ಲಿ "ಇಲ್ಲ" ಬಿಟ್ಟು ಅವರಾಡಿದ ಮೊದಲ ಮಾತು ಅದು. ನಾನು ಹಿತ್ತಲಿಗೆ ಹೋಗಿ, ಕಣ್ಣೊರೆಸಿಕೊಂಡು ಬಂದೆ. ರಾಜಕುಮಾರಿ ಇನ್ನೂ ಎರಡು ದಿನ ಸೆರೆಯಲ್ಲೇ ಇದ್ದಳು. ಅವಳ ಉಪಕಾರ ನಾನು ಮರೆತಿಲ್ಲ.

೩. ಅನ್ನದ ಅಗುಳು

ಆಮೇಲೆ ಮಾತು ಒಂದೊಂದೇ ಬಂತು. ಮೂಡಲು, ಪಡುವಲು, ಸರಪಳಿ, ಗುಂಟೆ. ಅನ್ನ, ನೀರು ಇನ್ನೂ ಬಂದಿರಲಿಲ್ಲ. ಹಸಿವಾದರೆ "ಗುಂಟೆ" ಎನ್ನುತ್ತಿದ್ದರು, ನಾನು ತಟ್ಟೆ ಹಾಕುತ್ತಿದ್ದೆ.

ಒಂದು ಭಾನುವಾರ ವೀರ ರಾಕ್ಷಸನ ಗವಿಯ ಬಾಯಿಗೆ ಬಂದ. ಗವಿಯ ಪಕ್ಕದ ಜಾಗ ಅಳೆಯಬೇಕು. ಇವರು ಕೀ ಮೇಲಿನಿಂದ ಕೈ ತೆಗೆದು, "ನೋಟೀಸು" ಎಂದರು.

ನಾದಿನಿಯ ಮಗಳಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಯಾವ ಜಮೀನು ಅಳೆಯುವ ಮುಂಚೆಯೂ ಅದರ ಸುತ್ತಲಿನ ಬಾಜುದಾರರಿಗೆ, ಅಂದರೆ ಪಕ್ಕದ ಜಮೀನಿನವರಿಗೆಲ್ಲ, ಇಂಥ ದಿನ ಅಳೆಯುತ್ತೇವೆ, ಆಕ್ಷೇಪಣೆ ಇದ್ದರೆ ಬಂದು ಹೇಳಿ ಎಂದು ನೋಟೀಸು ಕೊಡಬೇಕು. ಇಲ್ಲಿ ಬಾಜುದಾರ ರಾಕ್ಷಸ.

"ಮಾವ, ಅವನನ್ನ ಸಾಯಿಸೋಕೆ ತಾನೇ ನಾವು ಬಂದಿರೋದು!"

"ನೋಟೀಸು."

ಕ್ಷೌರಿಕರು ಅನುಭವಸ್ಥರು. "ಅವ್ನು ಕೈಗೆ ತಗೊಳಲ್ಲ ಬುಡಿ ಸಾ. ಬಾಗ್ಲಿಗೆ ಅಂಟಿಸ್ಬುಡಿ. ನಮ್ಮಳ್ಳೀಲಿ ಅಂಗೇ ಮಾಡೋದು. ಸಾಕ್ಷಿಗೆ ನಾನಿವ್ನಿ, ಎಬ್ಬೆಟ್ಟು ಒತ್ತೀನಿ."

ನಾದಿನಿಯ ಮಗಳು ತಲೆ ಚಚ್ಚಿಕೊಂಡು ಮನೆಗೆ ಹೋದ ಮೇಲೆ ನಾನು ಒಂದು ಚೀಟಿ ಬರೆದೆ. ಕ್ಷೌರಿಕರು ಹೆಬ್ಬೆಟ್ಟು ಒತ್ತಿದರು. ಕಂಪ್ಯೂಟರ್ ಪರದೆಯ ಮೇಲೆ, ಸರಿಯಾಗಿ ಗವಿಯ ಬಾಗಿಲಿಗೆ, ಅನ್ನದ ಅಗುಳು ತಿಕ್ಕಿ ಅಂಟಿಸಿದೆವು. ಮಾರನೆಯ ದಿನ ನಾದಿನಿಯ ಮಗಳು ಬಂದು ನೋಡಿ ಕೂಗಿದಳು. "ಅಯ್ಯೋ ಅತ್ತೆ, ಪರದೆಗೆ ಯಾರು ಅನ್ನ ಮೆತ್ತಿರೋದು?"

ಕೀಳಲು ಹೋದವಳ ಕೈ ತಡೆದು ನಮ್ಮವರು ಎಡಗೈಯಲ್ಲಿ ಮೊದಲು ಐದು ಬೆರಳು, ಆಮೇಲೆ ಎರಡು ಬೆರಳು ತೋರಿಸಿದರು. ನೋಟೀಸಿಗೆ ಏಳು ದಿನದ ಅವಧಿ. ಆ ಏಳು ದಿನ ರಾಕ್ಷಸನೂ ಹಾಯಾಗಿದ್ದ, ನಾವೂ ಆಟವಿಲ್ಲದೆ ಕೂತಿದ್ದೆವು. ಎಂಟನೆಯ ದಿನ ಕ್ಷೌರಿಕರು ಪರದೆಗೆ ಕಿವಿಯಿಟ್ಟು ಕೇಳಿ, "ತಕರಾರು ಏನೂ ಇಲ್ಲ ಸಾ, ಒಡೀರಿ ಅವ್ನ" ಎಂದರು.

೪. ಎರಡನೆಯ ಆಟ

ಮೊದಲನೆಯದು ಮುಗಿಯಿತು. ನಾದಿನಿಯ ಮಗಳು ಸಂಭ್ರಮದಿಂದ ಎರಡನೆಯದನ್ನು ತಂದಳು. ಅದೇ ನಾಡು, ಐವತ್ತು ವರ್ಷದ ನಂತರ, ಆ ವೀರನ ಮೊಮ್ಮಗನ ಕಥೆ. ಹೋಲಿಸಿ ನೋಡಿದರೆ ಎಲ್ಲದರಲ್ಲೂ ಮೇಲು. ಮೊದಲನೆಯದರಲ್ಲಿ ಮರವೆಂದರೆ ಒಂದು ಹಸಿರು ಚುಕ್ಕೆ, ಇದರಲ್ಲಿ ಎಲೆ ಅಲ್ಲಾಡುತ್ತಿತ್ತು. ಅದರಲ್ಲಿ ಜನ ಬೀದಿ ಅಲೆಯುತ್ತಿದ್ದರು, ಇದರಲ್ಲಿ ಕತ್ತಲಾದರೆ ಮನೆಗೆ ಹೋಗುತ್ತಿದ್ದರು. ಬಾಗಿಲು ತಟ್ಟಿದರೆ ಯಜಮಾನನೇ ತೆರೆದು ಬನ್ನಿ ಎನ್ನುತ್ತಿದ್ದ. ಅದೊಂದನ್ನು ನಮ್ಮವರು ತಲೆಯಾಡಿಸಿ ಮೆಚ್ಚಿಕೊಂಡರು.

"ಇನ್ನೊಂದಿದೆ ನೋಡಿ ಮಾವ" ಎಂದು ಅವಳು ಪರದೆಯ ಮೂಲೆ ತೋರಿಸಿದಳು. ಅಲ್ಲೊಂದು ಪುಟ್ಟ ನಕ್ಷೆ. ವೀರ ನಡೆದಂತೆ ಅದು ತಾನೇ ತಾನಾಗಿ ಬರೆದುಕೊಳ್ಳುತ್ತಿತ್ತು. "ಇನ್ಮೇಲೆ ನೀವು ಕಷ್ಟಪಡೋ ಹಾಗೇ ಇಲ್ಲ!"

ನಮ್ಮವರು ಬಹಳ ಹೊತ್ತು ಆ ಮೂಲೆಯನ್ನೇ ನೋಡಿದರು. ಆಮೇಲೆ ಪೆನ್ಸಿಲನ್ನು ಟ್ರಂಕಿನ ಮೇಲೆ ಇಟ್ಟರು.

ಹನ್ನೊಂದು ದಿನ ಅದನ್ನು ಮುಟ್ಟಲಿಲ್ಲ. ಬಂದಿದ್ದ ಮಾತುಗಳೂ ಒಂದೊಂದಾಗಿ ಒಳಗೆ ಹೋದವು. ಹಸಿವಾದರೂ "ಗುಂಟೆ" ಎನ್ನಲಿಲ್ಲ. ಕ್ಯಾಲೆಂಡರಿನ ಗುರುತಿಗೆ ಇನ್ನು ಎರಡೂವರೆ ತಿಂಗಳು. ಪಾಪ, ನಾದಿನಿಯ ಮಗಳು ಪರದೆಯ ಮೂಲೆಗೆ ಒಂದು ಕಾಗದದ ಚೂರು ಅಂಟಿಸಿ ನಕ್ಷೆ ಮುಚ್ಚಿ ನೋಡಿದಳು. ಅದಕ್ಕೂ ಅವಳು ಅನ್ನದ ಅಗುಳನ್ನೇ ಹಚ್ಚಿದ್ದಳು.

೫. ಊರೆಲ್ಲಿ

ಹನ್ನೆರಡನೆಯ ದಿನ ಅವಳೇ ಆಡುತ್ತಾ, ಇವರಿಗೆ ಖುಷಿಯಾಗಲೆಂದು ಹೊಸ ವೀರನನ್ನು ಅವನ ತಾತನ ಹಳ್ಳಿಯ ಕಡೆ ನಡೆಸಿದಳು. ಹಳ್ಳಿ ಇರಬೇಕಾದ ಕಡೆ ಒಂದು ಕೆರೆ ಇತ್ತು. ದಡದಲ್ಲಿದ್ದ ಅಂಬಿಗ, ಆ ಊರು ಎಂದೋ ನೀರಲ್ಲಿ ಹೋಯಿತು ಎಂದ.

ನಮ್ಮವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಊರೆಲ್ಲಿ?"

ಹಳೆಯ ಹಾಳೆ ತೆಗೆಸಿದರು. ಹದಿನಾಲ್ಕು ಮನೆ, ಬಾವಿ, ಬಂಡಿದಾರಿ. ಎಲ್ಲದರ ಮೇಲೂ ಈಗ ನೀರು.

"ಅದು ಕಥೆ ಕಣ್ ಮಾವ, ಹಾಗೆ ಬರ್ಕೊಂಡಿದ್ದಾರೆ ಅಷ್ಟೆ."

"ನೋಟೀಸು ಕೊಟ್ರಾ?"

ಮುಖ ಕೆಂಪಾಗಿತ್ತು. ಕತ್ತಿ ಮಸೆಯುತ್ತಿದ್ದ ಕ್ಷೌರಿಕರು, "ಅಂಗಾರೆ ಈ ಕೆರೆಗೂ ಅಂಟಿಸ್ಬೇಕಾ ಸಾ? ಅನ್ನ ಈಸ್ಕೊ ಬತ್ತೀನಿ" ಎಂದು ಎದ್ದರು.

ನನಗೆ ನಗು ಬಂತು. ನಗುತ್ತಲೇ, ಯಾಕೋ, ಬಾಯಿ ತಪ್ಪಿ ಹೇಳಿಬಿಟ್ಟೆ. "ನಮ್ಮೂರಿಗೆ ಕೊಟ್ಟಿದ್ದರು."

ನಾನು ಹುಟ್ಟಿದ್ದು ಬಾಗಲಕೋಟೆಯ ಕಡೆ, ಕೃಷ್ಣೆಯ ದಂಡೆಯಲ್ಲಿ. ಕೆಲಸಕ್ಕೆಂದು ಈ ಕಡೆ ಬಂದವಳು ಇಲ್ಲೇ ಮದುವೆಯಾಗಿ ಉಳಿದೆ. ನಮ್ಮೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು. ಆಗ ನಾನು ಹೋಗಿ ನೋಡಲಿಲ್ಲ, ಯಾರ ಹತ್ತಿರವೂ ಆಡಲಿಲ್ಲ. ಇವರಿಗೆ ಕಾಯಿಲೆಯಾದ ಮೇಲಂತೂ ಅದರ ನೆನಪು ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ.

ನಮ್ಮವರು ಆಟದ ಹಾಳೆ ಪಕ್ಕಕ್ಕೆ ಸರಿಸಿ, ಒಂದು ಹೊಸ ಹಾಳೆ ಹಾಸಿದರು. ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದರು. "ಮೂಡಲು?"

ನಮ್ಮ ತವರಿನ ಮನೆಯ ಮೂಡಲಿಗೆ ಯಾರಿದ್ದರು ಎಂದು ಹೇಳಿದೆ. ತೆಂಕಲಿಗೆ ಯಾರು, ಪಡುವಲಿಗೆ ಯಾರು, ಹಿತ್ತಲಿನ ಬೇವು ಎಷ್ಟು ಹೆಜ್ಜೆ, ಎಲ್ಲ ಹೇಳಿದೆ. ಬಡಗಲಿಗೆ ಹೊಳೆ ಎನ್ನುವಾಗ ಅಳು ಬಂದು ಹಾಳೆಯ ಮೇಲೆ ಹನಿ ಬಿತ್ತು. ಅವರು ತೋಳಿನಿಂದ ಒರೆಸಿ, ಹಾಳೆಯನ್ನು ನನ್ನಿಂದ ದೂರ ಎಳೆದುಕೊಂಡರು. ಇನ್ನೊಂದು ಸಲ ಮುಳುಗಿಸಬೇಡ ಎನ್ನುವ ಹಾಗೆ.

೬. ಪಡುವಲ ಬಾಜುದಾರಳು

ನಕ್ಷೆ ಆಯಿತು, ನೋಟೀಸು ಆಗಬೇಕಲ್ಲ. ಬಡಗಲ ಬಾಜುದಾರಳು ಹೊಳೆ. ಆಕೆ ಕರೆಯದೆಯೇ ಒಳಗೆ ಬಂದು ಕೂತಿದ್ದಾಳೆ. ಉಳಿದ ಮೂವರಿಗೆ ನಾನು ಮೂರು ಕಾರ್ಡು ಬರೆದು ಮುಳುಗಡೆಯಾದವರ ಪುನರ್ವಸತಿ ಕೇಂದ್ರದ ವಿಳಾಸಕ್ಕೆ ಹಾಕಿದೆ. ಇಂಥವರ ಮನೆ ಹಿತ್ತಲು ಅಳೆದಿದೆ, ಆಕ್ಷೇಪಣೆ ಇದ್ದರೆ ನಂಜನಗೂಡಿಗೆ ಹಾಜರಾಗಿ ತಿಳಿಸುವುದು. ಬರೆದದ್ದು ಇವರ ಸಮಾಧಾನಕ್ಕೆ. ಮೂಡಲಿನದು ವಿಳಾಸದಾರರು ಇಲ್ಲ ಎಂದು ತಿರುಗಿ ಬಂತು. ತೆಂಕಲಿನವರು ಉತ್ತರ ಕೊಡಲಿಲ್ಲ.

ಡಾಕ್ಟರು ಹೇಳಿದ ವರ್ಷಕ್ಕೆ ಇನ್ನು ಒಂಬತ್ತು ದಿನ ಇರುವಾಗ, ಬೆಳಿಗ್ಗೆ, ಬಾಗಿಲಲ್ಲಿ ಒಂದು ಇಳಕಲ್ ಸೀರೆ ನಿಂತಿತ್ತು. ಕಂಕುಳಲ್ಲಿ ರೊಟ್ಟಿಯ ಗಂಟು, ಕೈಯಲ್ಲಿ ನನ್ನ ಕಾರ್ಡು. ನಮ್ಮ ಪಡುವಲ ಮನೆಯವಳು. ನನ್ನ ಓರಗೆಯವಳು, ಚಿಕ್ಕಂದಿನಲ್ಲಿ ನನ್ನ ಜಡೆ ಎಳೆದು ಎಳೆದು ಅರ್ಧ ಕೂದಲು ಕಿತ್ತವಳು. ಮೂರು ಬಸ್ಸು ಬದಲಾಯಿಸಿ, ಎರಡು ದಿನ ದಾರಿ ಸವೆಸಿ ಬಂದಿದ್ದಳು. ನಲವತ್ತು ವರ್ಷದ ಮೇಲೆ ಸಿಕ್ಕವಳು ಚೆನ್ನಾಗಿದ್ದೀಯಾ ಎನ್ನಲಿಲ್ಲ.

"ಎಲ್ಲೈತಿ ಆ ನಕಾಶ? ಬೇವಿನ ಗಿಡ ಯಾರ ಹಿತ್ತಲದಾಗ ತೋರಿಸೀರಿ?"

"ನಮ್ಮದರಾಗ" ಎಂದೆ. ಎಷ್ಟೋ ವರ್ಷದ ಮೇಲೆ ನನ್ನ ಬಾಯಲ್ಲಿ ನಮ್ಮ ಕಡೆಯ ಮಾತು ಬಂತು.

"ಅದಽ ಅಂದ್ಕೊಂಡೆ! ನಿಮ್ಮಪ್ಪನೂ ಹಿಂಗಽ ಮಾಡ್ತಿದ್ದ. ಗಿಡ ನಮ್ಮದೈತಿ. ನಮ್ಮವ್ವ ಹಚ್ಚಿದ್ದು."

"ನೆರಳು ನಿಮಗ ಬೀಳ್ತಿತ್ತು, ಬುಡ ನಮ್ಮದು."

"ಬುಡನೂ ನಮ್ಮದು!"

ಹಾಳೆಯ ಆಚೆ ಈಚೆ ನಿಂತು ಇಬ್ಬರು ಮುದುಕಿಯರು, ಆಳುದ್ದ ನೀರಿನ ಕೆಳಗೆ ಎಂದೋ ಕೊಳೆತುಹೋದ ಮರಕ್ಕೆ ಜಗಳವಾಡಿದೆವು. ಅವಳ ಕಣ್ಣೂ ತುಂಬಿತ್ತು, ನನ್ನದೂ ತುಂಬಿತ್ತು. ಇಬ್ಬರೂ ಸೋಲಲಿಲ್ಲ.

ಮೇಜಿನ ಮೇಲೆ ಸ್ಕೇಲಿನ ಏಟು ಬಿತ್ತು. ನಮ್ಮವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಹಳ್ಳಿಯ ಮರದ ಕೆಳಗೆ ತಕರಾರು ಕೇಳುತ್ತಿದ್ದಾಗ ಕೂರುತ್ತಿದ್ದ ಹಾಗೆ. ಒಂದೊಂದೇ ಪದವನ್ನು ಕಲ್ಲು ಎತ್ತಿಟ್ಟಂತೆ ಇಡುತ್ತಾ ಹೇಳಿದರು.

"ಬೇಸಿಗೆ. ನೀರು ಇಳಿದ ಮೇಲೆ. ಸ್ಥಳ ತನಿಖೆ. ಇಬ್ಬರೂ ಹಾಜರಿರಬೇಕು."

ಒಂದು ವರ್ಷದಲ್ಲಿ ಅವರಾಡಿದ ಅತ್ಯಂತ ಉದ್ದದ ಮಾತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಳು ಮಾತ್ರ ಸೆರಗಿನಿಂದ ಮೂಗು ಒರೆಸಿಕೊಂಡು, ರೊಟ್ಟಿಯ ಗಂಟನ್ನು ನನ್ನ ಮಡಿಲಿಗೆ ಹಾಕಿ, ಅವರಿಗೆ ಕೈಮುಗಿದಳು.

"ನಾ ಹಾಜರಿರ್ತೀನ್ರೀ ಸಾಹೇಬ್ರ. ಆದ್ರ ನೀರು ಇಳೀಲಿಲ್ಲಂದ್ರ, ಈಕಿಗೆ ಈಜಾಕ ಬರೂದಿಲ್ಲ. ಅದನ್ನೂ ಬರಕೊಳ್ರಿ."