ಟಾರ್ಚು ಹಿಡಿದ ಭಾವ

ಬೆಳಿಗ್ಗೆ ಏಳೂವರೆಗೆ ಲಿಫ್ಟು ನಿಂತಿತು. ಮೂರನೆಯ ಮಹಡಿಯನ್ನು ಬಿಟ್ಟಿತ್ತು, ನಾಲ್ಕನೆಯದನ್ನು ಮುಟ್ಟಿರಲಿಲ್ಲ. ಒಳಗೆ ಮನುಷ್ಯರು ಯಾರೂ ಇರಲಿಲ್ಲ. ಐದನೆಯ ಮಹಡಿಯ ಮೇಷ್ಟ್ರ ಮನೆಗೆಂದು ವಾಚ್‌ಮನ್ ಒಂಟಿಯಾಗಿ ಮೇಲಕ್ಕೆ ಕಳಿಸಿದ್ದ ಹಾಲಿನ ಚೀಲ ಮಾತ್ರ ಇತ್ತು.

ಫೋನು ಬಂದದ್ದು ಲಿಫ್ಟಮ್ಮನಿಗೆ. ಅದು ಅವಳ ಹೆಸರಲ್ಲ. ಎಂಟು ವರ್ಷ ಒಬ್ಬ ಗುತ್ತಿಗೆದಾರನ ಕೈಕೆಳಗೆ ಲಿಫ್ಟು ರಿಪೇರಿ ಮಾಡುತ್ತಿದ್ದಾಗ ಅಲ್ಲಿಯ ಗಂಡಸರು ಗೇಲಿಗೆಂದು ಇಟ್ಟದ್ದು. ಗ್ರೀಸಿನ ಕಲೆಯಂತೆ, ಎಷ್ಟು ತೊಳೆದರೂ ಹೋಗಲಿಲ್ಲ. ಆ ಎಂಟು ವರ್ಷ ಅವಳು ಸರಿಮಾಡಿದ ಲಿಫ್ಟುಗಳಲ್ಲೆಲ್ಲ ಅಂಟಿಸಿದ್ದು ಗುತ್ತಿಗೆದಾರನ ಹೆಸರಿನ ಚೀಟಿ. ಈಗ ಅವಳು ಪರೀಕ್ಷೆ ಪಾಸು ಮಾಡಿ ಸ್ವಂತ ಲೈಸೆನ್ಸು ಪಡೆದಿದ್ದಳು. ಈ ಕಟ್ಟಡದ ಲಿಫ್ಟನ್ನು ಒಂದು ವರ್ಷ ನೋಡಿಕೊಳ್ಳುವ ಕೆಲಸ ಯಾರಿಗೆ ಎಂಬುದು ಅಂದೇ ಸಂಜೆ ನಿವಾಸಿಗಳ ಸಭೆಯಲ್ಲಿ ತೀರ್ಮಾನವಾಗುವುದಿತ್ತು. ಸಿಕ್ಕರೆ ಅವಳ ಹೆಸರಿನ ಮೊದಲ ಚೀಟಿ ಈ ಲಿಫ್ಟಿನ ಗೋಡೆಗೆ. ಹೆಸರು, ನಂಬರು ಹಾಕಿ ಚೀಟಿಗಳನ್ನು ಆಗಲೇ ಅಚ್ಚು ಮಾಡಿಸಿ ಸಲಕರಣೆಯ ಚೀಲದಲ್ಲಿ ಇಟ್ಟುಕೊಂಡಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಳು ಎಂದು ಗಂಡ ನಕ್ಕಿದ್ದ.

ತೊಡಕು ಬೇರೆ ಇತ್ತು. ಚೀಲ ಹಿಡಿದು ಒಬ್ಬಳೇ ಹೋದರೆ ಬಾಗಿಲು ತೆರೆದವರು ಅವಳ ಹೆಗಲ ಮೇಲಿಂದ ಹಿಂದಕ್ಕೆ ಇಣುಕಿ, "ಮೆಕ್ಯಾನಿಕ್ ಎಲ್ಲಮ್ಮ?" ಎಂದು ಕೇಳುತ್ತಿದ್ದರು. ನಾನೇ ಎಂದರೆ, "ಹಾಗಲ್ಲ, ದೊಡ್ಡವರು?" ಎನ್ನುತ್ತಿದ್ದರು. ಒಂದು ಕಡೆಯಂತೂ ಸೋಪಿನ ಪುಡಿ ಮಾರಲು ಬಂದವಳೆಂದು ತಿಳಿದು, ಮೊನ್ನೆ ತಾನೇ ತಗೊಂಡಿದ್ದೀವಿ ಎಂದು ಬಾಗಿಲು ಹಾಕಿದ್ದರು. ಒಂದು ತಿಂಗಳು ಇದನ್ನು ಕಂಡ ಮೇಲೆ ಅವಳು ಗಂಡನ ಅಣ್ಣನನ್ನು ಜೊತೆಗೆ ಕರೆದೊಯ್ಯತೊಡಗಿದಳು.

ಭಾವ ಇವರ ಮನೆಯಲ್ಲೇ ಇದ್ದರು. ಲೈಬ್ರರಿಯೊಂದರ ಬಾಗಿಲಲ್ಲಿ ಕೂತು ನಿವೃತ್ತರಾದವರು. ಮಾತಾಡದೆ ಇರುವುದೇ ಅವರ ವೃತ್ತಿಯಾಗಿತ್ತು. ಅದರ ಮೇಲೆ ಕಬ್ಬಿಣದ ಬೀರುವಿನ ಹಿಡಿಯಂಥ ಮೀಸೆ. ಲಿಫ್ಟಿನ ವಿಷಯದಲ್ಲಿ ಅವರು ಬಲ್ಲದ್ದು ಎರಡು: ಅದು ಹತ್ತುತ್ತದೆ, ಇಳಿಯುತ್ತದೆ. ಲಿಫ್ಟಮ್ಮ ಅವರ ಕೈಗೊಂದು ಟಾರ್ಚು ಕೊಟ್ಟು ಮೂರು ಮಾತು ಕಲಿಸಿದ್ದಳು. ಯಾರು ಏನು ಹೇಳಿದರೂ "ಹೂಂ." ಯಾವಾಗ ಸರಿಹೋಗುತ್ತೆ ಎಂದರೆ "ನೋಡೋಣ." ಯಾಕೆ ಕೆಟ್ಟಿತು ಎಂದರೆ "ಲೋಡು ಜಾಸ್ತಿ." ಅಂದಿನಿಂದ ಅವಳನ್ನು ಯಾರೂ ಏನೂ ಕೇಳಲಿಲ್ಲ. ಭಾವ ಟಾರ್ಚು ಬಿಡುತ್ತಿದ್ದರು, ಅವಳು ಕೆಲಸ ಮಾಡುತ್ತಿದ್ದಳು, ಜನ ಭಾವನಿಗೆ ಕುರ್ಚಿ ತಂದು ಹಾಕುತ್ತಿದ್ದರು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡಿದ್ದಳು ಲಿಫ್ಟಮ್ಮ.

ಆ ದಿನವೂ ಮೊದಲ ಒಂದು ಗಂಟೆ ಹಾಗೆಯೇ ನಡೆಯಿತು. ವಾಚ್‌ಮನ್ ಹತ್ತಿರ ಬೀಗದ ಕೈ ಇಸಿದುಕೊಂಡು ಅವಳು ತಾರಸಿಯ ಮೋಟಾರು ಕೋಣೆಗೆ ಹೋದಳು. ಚಕ್ರವನ್ನು ಕೈಯಲ್ಲೇ ತಿರುಗಿಸಿ ಲಿಫ್ಟನ್ನು ಮೂರನೆಯ ಮಹಡಿಗೆ ಇಳಿಸಿ, ಹಾಲನ್ನು ಹೊರತೆಗೆದು, ಅಲ್ಲಿಯ ಬಾಗಿಲು ನೋಡಿದಳು. ಬಾಗಿಲು ಮುಚ್ಚಿದೆ ಎಂದು ಲಿಫ್ಟಿಗೆ ತಿಳಿಸುವ ಬೀಗದ ತುದಿ ಸಡಿಲವಾಗಿತ್ತು. ಅದು ಅಲುಗಿದರೆ ಸಾಕು, ಎಲ್ಲೋ ಬಾಗಿಲು ತೆರೆದಿದೆ ಎಂದು ಲಿಫ್ಟು ಇದ್ದಲ್ಲೇ ನಿಂತುಬಿಡುತ್ತದೆ. ಆ ಮಹಡಿಯಲ್ಲಿ ಕಸರತ್ತಿನವನೊಬ್ಬನಿದ್ದ. ಎರಡು ಕೈಯಲ್ಲೂ ಕಬ್ಬಿಣದ ಗುಂಡು ಹಿಡಿದು ಬರುತ್ತಿದ್ದುದರಿಂದ ಬಾಗಿಲನ್ನು ದಿನವೂ ಕಾಲಿನಿಂದ ಒದ್ದು ಮುಚ್ಚುತ್ತಿದ್ದ. ಕಾರಣ ಅಷ್ಟೇ. ಆದರೆ ಅದನ್ನು ಅವಳ ಹತ್ತಿರ ಯಾರೂ ಕೇಳಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಭಾವನ ಸುತ್ತ ಜನ ಸೇರಿದ್ದರು.

"ಯಾಕೆ ಸಾರ್ ಕೆಟ್ಟಿದ್ದು?" ಎಂದ ಕಸರತ್ತಿನವನು.

ಭಾವ ಟಾರ್ಚಿನ ಬೆಳಕನ್ನು ಚಾವಣಿಗೆ ಬಿಟ್ಟು ತುಸು ಹೊತ್ತು ನೋಡಿದರು. "ಲೋಡು ಜಾಸ್ತಿ."

ಕಟ್ಟಡದ ಶಾಂತಿ ಅಲ್ಲಿಗೆ ಮುಗಿಯಿತು. ಎರಡನೆಯ ಮಹಡಿಯ ಟೈಲರು ಕಬ್ಬಿಣದ ಗುಂಡುಗಳ ಮಾತೆತ್ತಿದ. ಕಸರತ್ತಿನವನು ಮೇಷ್ಟ್ರ ಮನೆಗೆ ಪಾಠಕ್ಕೆ ಬರುವ ಮಕ್ಕಳ ಹಿಂಡನ್ನು ತೋರಿಸಿದ. ನೆಲಮಹಡಿಯವರು ಜನ್ಮದಲ್ಲಿ ಲಿಫ್ಟು ಹತ್ತಿದವರಲ್ಲ. ಎಲ್ಲರಿಗಿಂತ ಜೋರಾಗಿ ಮಾತಾಡಿದವರು ಅವರೇ.

"ಒಳಗಿದ್ದದ್ದು ನನ್ನ ಹಾಲು. ಅರ್ಧ ಲೀಟರಿಗೆ ಲೋಡು ಜಾಸ್ತಿ ಆಗುತ್ತೇನ್ರಿ?" ಎಂದರು ಮೇಷ್ಟ್ರು.

"ಅಷ್ಟು ದೊಡ್ಡವರು ಹೇಳ್ತಿದಾರೆ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಎಂದ ಟೈಲರು.

"ಹೂಂ," ಎಂದರು ಭಾವ.

ಗದ್ದಲ ಕೇಳಿ ನಿವಾಸಿಗಳ ಸಂಘದ ಅಧ್ಯಕ್ಷರು ಬಂದರು. ಅಂದರೆ ಅವರ ಹೆಂಡತಿ ಬಂದರು, ಅಧ್ಯಕ್ಷರು ಹಿಂದೆ ಬಂದರು. ಹೇಗೂ ಎಲ್ಲರೂ ಮೆಟ್ಟಿಲ ಮೇಲೆ ಸೇರಿದ್ದಾರೆ, ಸಂಜೆಯ ಸಭೆ ಈಗಲೇ ಆಗಿಹೋಗಲಿ ಎಂದು ಆಕೆ ಗಂಡನ ಕಿವಿಯಲ್ಲಿ ಹೇಳಿದರು. ಸಭೆ ಈಗಲೇ ಎಂದು ಅಧ್ಯಕ್ಷರು ಗಟ್ಟಿಯಾಗಿ ಹೇಳಿದರು. ಅಷ್ಟರಲ್ಲಿ ಲಿಫ್ಟು ಸರಿಯಾಗಿತ್ತು. ಮೊದಲು ಅಧ್ಯಕ್ಷರೇ ಹತ್ತಿ ತೋರಿಸಲಿ, ಜನರ ಅನುಮಾನ ಹೋಗುತ್ತದೆ ಎಂಬ ಮಾತು ಬಂತು. ಅಧ್ಯಕ್ಷರು ದೊಡ್ಡ ಮೆಕ್ಯಾನಿಕ್ ಜೊತೆಗಿದ್ದರೆ ಮಾತ್ರ ಹತ್ತುವುದಾಗಿ ಹೇಳಿ ಭಾವನ ತೋಳು ಹಿಡಿದುಕೊಂಡರು. ಭಾವ ಲಿಫ್ಟಮ್ಮನ ಕಡೆ ನೋಡಿದರು. ಅವಳು ತಲೆಯಾಡಿಸಿದಳು. ಮೂರನೆಯ ಮಹಡಿಯಲ್ಲಿ ಹತ್ತಿ ಇಬ್ಬರೂ ಮೇಲಕ್ಕೆ ಹೊರಟರು.

ಕಸರತ್ತಿನವನಿಗೆ ಅವಮಾನ ಇನ್ನೂ ಆರಿರಲಿಲ್ಲ. ಬಾಗಿಲಿನದೇ ತಕರಾರು ಎಂದು ಲಿಫ್ಟಮ್ಮ ಹೇಳಲು ಹೋದಾಗ ಅವನು, "ನಾನು ದಿನಾ ಹೀಗೇ ಮುಚ್ಚೋದು, ಏನಾಗುತ್ತೆ?" ಎಂದು ಮುಚ್ಚಿದ್ದ ಬಾಗಿಲಿಗೆ ಒಂದು ಒದೆ ಕೊಟ್ಟ. ಈ ಸಲ ತುದಿ ಸಡಿಲವಾಗಲಿಲ್ಲ, ಮುರಿದೇ ಬಿತ್ತು. ಲಿಫ್ಟು ನಾಲ್ಕಕ್ಕೂ ಐದಕ್ಕೂ ನಡುವೆ ನಿಂತಿತು.

ಮತ್ತೆ ಚಕ್ರ ತಿರುಗಿಸಬೇಕು. ಕೆಲಸ ಮುಗಿಯಿತೆಂದು ಅವಳು ಹಿಂತಿರುಗಿಸಿದ್ದ ಮೋಟಾರು ಕೋಣೆಯ ಬೀಗದ ಕೈ ವಾಚ್‌ಮನ್ ಜೇಬಿನಲ್ಲಿತ್ತು. ಮೇಷ್ಟ್ರ ಹಾಲು ಒಡೆದುಹೋಗಿದ್ದರಿಂದ ಅವನು ಬೇರೆ ಹಾಲು ತರಲು ಹೋಗಿದ್ದ. ಕಾಯುವುದು ಬಿಟ್ಟು ದಾರಿಯಿರಲಿಲ್ಲ. ಲಿಫ್ಟಮ್ಮ ನಾಲ್ಕನೆಯ ಮಹಡಿಯ ಮೆಟ್ಟಿಲ ಮೇಲೆ ಕೂತಳು. ಅಧ್ಯಕ್ಷರ ಹೆಂಡತಿ ಬಂದು ಪಕ್ಕದಲ್ಲಿ ಕೂತರು.

"ಒಳಗಿರೋರು ನಿಮಗೇನಾಗಬೇಕು?"

"ಭಾವ. ನಮ್ಮ ಯಜಮಾನರ ಅಣ್ಣ."

"ಅವರಿಗೆ ಈ ಕೆಲಸ ಬರುತ್ತಾ?"

ಲಿಫ್ಟಮ್ಮ ಕೈಯಲ್ಲಿದ್ದ ಸ್ಪಾನರಿನ ಗ್ರೀಸು ಒರೆಸತೊಡಗಿದಳು.

"ಪರವಾಗಿಲ್ಲ, ಹೇಳಮ್ಮ. ನಮ್ಮನೆಯವರಿಗೂ ಅವರ ಕೆಲಸ ಬರಲ್ಲ."

ಆಮೇಲೆ ಆಕೆ ತಮ್ಮ ಕತೆ ಹೇಳಿಕೊಂಡರು. ಕಟ್ಟಡದ ನೀರು, ಬಣ್ಣ, ಜಗಳ ಎಲ್ಲವನ್ನೂ ಆರು ವರ್ಷದಿಂದ ನೋಡಿಕೊಳ್ಳುತ್ತಿರುವುದು ಆಕೆಯೇ. ಗಂಡನಿಗೆ ಎರಡು ಮಾತು ಕಲಿಸಿದ್ದರು. ಗೊತ್ತಿಲ್ಲದ ವಿಷಯ ಬಂದರೆ "ಸ್ವಲ್ಪ ಯೋಚನೆ ಮಾಡೋಣ." ಜನ ಹಟ ಹಿಡಿದರೆ "ಇದು ಅಧ್ಯಕ್ಷರ ತೀರ್ಮಾನ." ಮೊದಲ ಸಲ ಆಕೆಯೇ ಚುನಾವಣೆಗೆ ನಿಂತಿದ್ದರಂತೆ.

"ಎರಡು ಓಟು ಬಿತ್ತು. ಒಂದು ನಂದು. ಇನ್ನೊಂದು ಇವರದಲ್ಲ."

ಇಬ್ಬರೂ ನಕ್ಕರು. ಕೆಲಸ ನಿಮ್ಮ ಹೆಸರಿಗೇ, ಅವರ ಬಾಯಲ್ಲಿ ನಾನು ಹೇಳಿಸ್ತೀನಿ ಎಂದು ಆಕೆ ಲಿಫ್ಟಮ್ಮನ ಕೈ ಹಿಡಿದು ಮಾತು ಕೊಟ್ಟರು. ಲಿಫ್ಟಮ್ಮ ಚೀಲದಿಂದ ಒಂದು ಚೀಟಿ ತೆಗೆದು ಕೊಟ್ಟಳು. ಎಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ, ಕೆಟ್ಟು ನಿಂತ ಲಿಫ್ಟು ನೋಡಿ ಸಂತೋಷವಾಯಿತು.

ಅಷ್ಟರಲ್ಲಿ ಲಿಫ್ಟಿನ ಒಳಗಿಂದಲೂ ನಗು ಕೇಳಿಸಿತು. ಆಗಲೇ ಇಬ್ಬರಿಗೂ ಅನುಮಾನ ಬರಬೇಕಿತ್ತು. ಮೂರು ಮಾತಿನವರೂ ಎರಡು ಮಾತಿನವರೂ ಸೇರಿದರೆ ಐದೇ ಮಾತಾಗಬೇಕು. ಒಳಗೆ ಅದಕ್ಕಿಂತ ಬಹಳ ಹೆಚ್ಚು ನಡೆದಿತ್ತು.

ವಾಚ್‌ಮನ್ ಹಾಲಿನೊಂದಿಗೆ ಬಂದ. ಲಿಫ್ಟಮ್ಮ ತಾರಸಿಗೆ ಓಡಿ, ಬೆವರು ಸುರಿಸಿ ಚಕ್ರ ತಿರುಗಿಸಿ, ಲಿಫ್ಟನ್ನು ನಾಲ್ಕನೆಯ ಮಹಡಿಗೆ ತಂದಳು. ಅವಳು ಇಳಿದು ಬರುವ ಹೊತ್ತಿಗೆ ಇಬ್ಬರು ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು, ಪರೀಕ್ಷೆ ಮುಗಿಸಿದ ಹುಡುಗರ ಹಾಗೆ ಹೊರಗೆ ನಿಂತಿದ್ದರು. ಮಾತಾಡುತ್ತಿದ್ದವರು ಅಧ್ಯಕ್ಷರು, ಅದೂ ಯಾರ ಮುಖವನ್ನೂ ನೋಡದೆ.

"ನಾವಿಬ್ಬರೂ ಒಳಗೇ ಕೂತು ಎಲ್ಲಾ ಮಾತಾಡಿ ಮುಗಿಸಿದ್ವಿ. ಒಂದು ವರ್ಷದ ಕೆಲಸ ಇವರಿಗೇ. ಸಿಕ್ಕಿಹಾಕಿಕೊಂಡಾಗಲೂ ಒಂಚೂರು ಗಾಬರಿಯಾಗದೆ ಟಾರ್ಚು ಬಿಟ್ಕೊಂಡು ಕೂತಿದ್ರು. ನಮಗೆ ಅಂಥವರು ಬೇಕು."

"ಸ್ವಲ್ಪ ಯೋಚನೆ ಮಾಡೋಣ," ಎಂದರು ಅವರ ಹೆಂಡತಿ.

"ಇದು ಅಧ್ಯಕ್ಷರ ತೀರ್ಮಾನ."

ಆರು ವರ್ಷ ಕಲಿಸಿದ್ದರೂ ಆ ಮಾತು ಅಂದಿನಷ್ಟು ಸ್ಪಷ್ಟವಾಗಿ ಅವರ ಬಾಯಿಂದ ಎಂದೂ ಬಂದಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಕಸರತ್ತಿನವನು ಎಲ್ಲರಿಗಿಂತ ಜೋರಾಗಿ ತಟ್ಟಿದ. ಗಂಡನಿಗೆ ಏನೂ ತಿಳಿಯದು ಎಂದು ಹೇಳಲು ಆಕೆಗೆ ಬಾಯಿ ಬರಲಿಲ್ಲ. ಭಾವನಿಗೆ ಏನೂ ತಿಳಿಯದು ಎಂದು ಹೇಳಿದರೆ, ಇಷ್ಟು ಹೊತ್ತು ಇಡೀ ಕಟ್ಟಡದ ಕಣ್ಣಿಗೆ ಮಣ್ಣೆರಚಿದವಳು ಲಿಫ್ಟಮ್ಮನೇ ಆಗುತ್ತಿದ್ದಳು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಭಾವ, ನೀವಾದ್ರೂ ಹೇಳಿ," ಎಂದಳು.

ಭಾವ ಟಾರ್ಚಿನ ಬೆಳಕನ್ನು ಚಾವಣಿಗೆ ಬಿಟ್ಟರು. "ನೋಡೋಣ." ಆಮೇಲೆ ದನಿ ತಗ್ಗಿಸಿ, "ನಿನ್ನನ್ನ ಕೈಬಿಡಲ್ಲಮ್ಮ. ನನ್ನ ಕೈಕೆಳಗೇ ಇರು," ಎಂದರು.

ಅಧ್ಯಕ್ಷರು ಹೆಂಡತಿಯ ಕೈಯಿಂದ ಚೀಟಿ ತೆಗೆದುಕೊಂಡು, ಅಚ್ಚಾಗಿದ್ದ ಹೆಸರನ್ನು ಪೆನ್ನಿನಿಂದ ಹೊಡೆದು, ಮೇಲೆ ಭಾವನ ಹೆಸರು ಬರೆದು, ತಾವೇ ಲಿಫ್ಟಿನ ಗೋಡೆಗೆ ಅಂಟಿಸಿದರು. ಫೋನಿನ ಕಿರಿಕಿರಿ ತಮಗಾಗದು ಎಂದು ಭಾವ ಹೇಳಿದ್ದರಿಂದ ನಂಬರನ್ನು ಹಾಗೆಯೇ ಬಿಟ್ಟರು.

ಮರುದಿನ ಬೆಳಿಗ್ಗೆ ಏಳೂವರೆಗೆ ಆ ನಂಬರಿಗೆ ಫೋನು ಬಂತು. ಮುರಿದ ತುದಿಯನ್ನು ಲಿಫ್ಟಮ್ಮ ಹಿಂದಿನ ದಿನವೇ ಬದಲಿಸಿದ್ದಳು, ಆದರೂ ಮೇಷ್ಟ್ರ ಹಾಲು ಮತ್ತೆ ನಡುವೆ ನಿಂತಿತ್ತು. ಮೆಕ್ಯಾನಿಕ್ ಇದ್ದಾರಾ ಎಂದು ಕೇಳಿದರು. ಇನ್ನೂ ಎದ್ದಿಲ್ಲ ಎಂದು ಹೇಳಿ, ಲಿಫ್ಟಮ್ಮ ಚೀಲ ಎತ್ತಿಕೊಂಡು ಹೊರಟಳು.