ಶಹಾಪುರದಲ್ಲಿ ಹದಿನೆಂಟನೇ ಮಹಡಿ

ಇನ್ನೊಬ್ಬರ ಮನೆ ನೋಡಿಕೊಂಡು ಬಂದ ದಿನ ಯಾರೂ ತಮ್ಮ ಮನೆಯ ಬಗ್ಗೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬಾರದು. ಒಂದು ವಾರವಾದರೂ ಬಿಡಬೇಕು. ಆ ವಾರದಲ್ಲಿ ನಮ್ಮದೇ ಒಲೆಯ ಸಾರು ಉಂಡು, ನಮ್ಮದೇ ಗೋಡೆಗೆ ಒರಗಿ ಕೂತರೆ ತಲೆಗೆ ಏರಿದ್ದು ತಾನಾಗಿ ಇಳಿಯುತ್ತದೆ. ನಾನು ಆ ಒಂದು ವಾರ ಕಾಯಲಿಲ್ಲ. ಹೈದರಾಬಾದಿನಿಂದ ಬಸ್ಸಿನಲ್ಲಿ ಬರುವಾಗ, ಯಾದಗಿರಿ ದಾಟುವುದರೊಳಗೆ, ಶಹಾಪುರದ ನಮ್ಮ ಮನೆಯನ್ನು ಮನಸ್ಸಿನಲ್ಲೇ ಪೂರ್ತಿ ಕೆಡವಿ ಮುಗಿಸಿದ್ದೆ. ಪಕ್ಕದ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ನಮ್ಮ ಮನೆಯವರಿಗೆ ತಾವು ಬಯಲಲ್ಲಿ ಮಲಗಿದ್ದೇವೆಂಬುದು ಗೊತ್ತೇ ಇರಲಿಲ್ಲ.

ನಾವು ಹೋಗಿದ್ದು ನನ್ನ ತಂಗಿಯ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ. ಹದಿನೆಂಟನೇ ಮಹಡಿ. ಕೆಳಗಿನ ಲಾಬಿಯೇ ನಾನು ಪಾಠ ಮಾಡುವ ಶಿರವಾಳದ ಶಾಲೆಗಿಂತ ದೊಡ್ಡದು. ಅಷ್ಟು ದೊಡ್ಡ ಜಾಗದಲ್ಲಿ ಕೂರಲು ಎರಡು ಸೋಫಾ ಇದ್ದವು, ಎರಡರ ಮೇಲೂ ಯಾರೂ ಇರಲಿಲ್ಲ. ನಾನು ಅದನ್ನು ಗಮನಿಸಲಿಲ್ಲ ಎಂದಲ್ಲ. ಗಮನಿಸಿಯೇ ‘ಎಷ್ಟು ನೀಟಾಗಿದೆ’ ಅಂದುಕೊಂಡೆ. ಮೇಲೆ ಹೋದರೆ ಹಾಲ್‌ಗೂ ಅಡುಗೆಮನೆಗೂ ನಡುವೆ ಗೋಡೆಯೇ ಇಲ್ಲ. ಬಾಲ್ಕನಿಗೆ ಸರಳುಗಳ ಬದಲು ಗಾಜು. ಛಾವಣಿಯ ಕೆಳಗೆ ಇನ್ನೊಂದು ಛಾವಣಿ, ಅದರ ಸಂದಿಯಲ್ಲಿ ಬಲ್ಬು ಕಾಣದಂತೆ ಬೆಳಕು. ತಂಗಿ ಒಂದೊಂದಕ್ಕೂ ಹೆಸರು ಹೇಳುತ್ತಾ ಹೋದಳು, ನಾನು ಬಾಯಿಪಾಠ ಮಾಡುತ್ತಾ ಹೋದೆ. “ಬೆಂಕಿಗಿಂಕಿ ಬಿದ್ರ ಮಂದಿ ಓಡಿ ಬಂದು ನಿಂದ್ರಾಕ ಕೆಳಗೊಂದು ಮಹಡಿಯೊಳಗ ಜಾಗ ಖಾಲಿ ಬಿಟ್ಟಾರಕ್ಕ, ಅದಕ್ಕ ರೆಫ್ಯೂಜ್ ಏರಿಯಾ ಅಂತಾರ,” ಎಂದಳು. ಅಲ್ಲಿಯವರೆಗೆ ಸುಮ್ಮನಿದ್ದ ನಮ್ಮ ಮನೆಯವರು, “ಇದೊಂದು ನಮ್ಮನಿಗೆ ಭಾಳ ಜರೂರ ಅದ ನೋಡವಾ,” ಎಂದು ನನ್ನ ಕಡೆ ನೋಡದೆ ಹೇಳಿದರು.

ಮನೆ ಹೇಗೂ ಕಟ್ಟಿಸಬೇಕಿತ್ತು. ಹಳೆಯ ಜಂತಿಗಳಿಗೆ ಗೆದ್ದಲು ಹಿಡಿದು ರಾತ್ರಿಯಿಡೀ ಹಾಸಿಗೆಯ ಮೇಲೆ ಪುಡಿ ಉದುರುತ್ತಿತ್ತು. ಆದರೆ ಮನೆ ಕಟ್ಟುವ ಗೌಂಡಿಯಾಗಿ ನಮಗೆ ಸಿಕ್ಕವನು ಮಹಿಬೂಬ. ಪ್ರಾಯವನ್ನೆಲ್ಲ ಹೈದರಾಬಾದಿನ ಎತ್ತರದ ಕಟ್ಟಡಗಳಲ್ಲೇ ಕಳೆದು ಊರಿಗೆ ಮರಳಿದವನು. ಬೇರೆ ಯಾರಾದರೂ ಆಗಿದ್ದರೆ ನನ್ನ ಹುಚ್ಚಿಗೆ ಸ್ವಲ್ಪ ಲಗಾಮು ಹಾಕುತ್ತಿದ್ದರೇನೋ. ಇವನು ನನಗಿಂತ ಮುಂದೆ. “ಡಕ್ಟ್ ಬೇಕೇ ಬೇಕ್ರಿ ಟೀಚರ್. ಡಕ್ಟ್ ಇಲ್ದ ಬಾತ್‌ರೂಮ್ ನಾ ಜಿಂದಗಿಯೊಳಗ ಕಟ್ಟಿಲ್ಲ,” ಎಂದ. ಬಹುಮಹಡಿ ಕಟ್ಟಡಗಳಲ್ಲಿ ಬಚ್ಚಲುಮನೆಗೆ ಹೊರಗೋಡೆ ಸಿಗುವುದಿಲ್ಲ, ಅದಕ್ಕೇ ಗಾಳಿಗೆಂದು ನಡುವೆ ಬಾವಿಯಂಥ ಒಂದು ಕಿಂಡಿಯನ್ನು ಮೇಲಿಂದ ಕೆಳಗಿನವರೆಗೆ ಬಿಡುತ್ತಾರೆ. ನಮ್ಮ ಮನೆಯ ನಾಲ್ಕೂ ಗೋಡೆಗಳ ಹೊರಗೆ ಖಾಲಿ ಜಾಗ. ಗೋಡೆಗೊಂದು ಕಿಟಕಿ ಇಟ್ಟರೆ ಊರಿನ ಗಾಳಿಯೆಲ್ಲ ಒಳಗೆ. ಆದರೂ ಡಕ್ಟ್ ಕಟ್ಟಿದೆವು. ಈಗ ಅದರಲ್ಲಿ ಪಾರಿವಾಳಗಳು ಇವೆ. ನಮ್ಮ ಮನೆಯಲ್ಲಿ ನೆಮ್ಮದಿಯಿಂದ ಇರುವ ಸಂಸಾರ ಅದೊಂದೇ.

ಇಷ್ಟೆಲ್ಲ ನಕ್ಕು ಮರೆಯಬಹುದು. ಮರೆಯಲಾಗದ್ದು ಕಟ್ಟೆ. ನಮ್ಮ ಹಳೆಯ ಮನೆಯ ಮುಂದೆ, ಬಾಗಿಲ ಎರಡೂ ಬದಿಗೆ, ಪರಸಿ ಕಲ್ಲು ಹಾಸಿದ ಕಟ್ಟೆ ಇತ್ತು. ನಮ್ಮ ಕಡೆ ಮನೆಯೊಳಗೆ ಬರುವುದಕ್ಕೂ ಕಟ್ಟೆಯ ಮೇಲೆ ಕೂರುವುದಕ್ಕೂ ಬಹಳ ಅಂತರವಿದೆ. ಒಳಗೆ ಬಂದರೆ ನೀವು ಬೀಗರು, ನೆಂಟರು. ಚಪ್ಪಲಿ ಬಿಡಬೇಕು, ಚಹಾ ಬೇಡವೆನ್ನಬೇಕು, ಮತ್ತೆ ಕುಡಿಯಬೇಕು, ಬಂದ ಕಾರಣ ಹೇಳಬೇಕು. ಕಟ್ಟೆಗೆ ಕಾರಣ ಬೇಕಿಲ್ಲ. ಮೊರದಲ್ಲಿ ಜೋಳ ಹಿಡಿದುಕೊಂಡು ಬಂದು ಕೂತು, ಹಸನು ಮಾಡುತ್ತಾ ಮಾತಾಡಿ, ಮಾತು ಮುಗಿಯದಿದ್ದರೂ ಎದ್ದು ಹೋಗಬಹುದು. ಸಂಜೆ ನಾನು ಶಿರವಾಳದಿಂದ ಬಸ್ಸಿಳಿದು ಬರುವಷ್ಟರಲ್ಲಿ ಎದುರು ಮನೆಯ ಶರಣಕ್ಕ, ಮೂಲೆಮನೆಯ ನೀಲಮ್ಮ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಇರುತ್ತಿದ್ದರು. ನಾನು ಬೀಗ ತೆಗೆಯುವ ಮೊದಲೇ ಊರಿನ ಸುದ್ದಿಯೆಲ್ಲ ನನಗೆ ತಿಳಿದಿರುತ್ತಿತ್ತು. ಮಹಿಬೂಬ ಹಳೆಯದನ್ನು ಕೆಡವುವಾಗ, “ಕಟ್ಟಿ ಏನು ಮಾಡೋಣ್ರಿ?” ಎಂದು ಕೇಳಿದ. “ತೆಗೀರಿ, ಎಲಿವೇಶನ್ ಕೆಡ್ತದ,” ಎಂದೆ. ಮನೆಯ ಮುಂಭಾಗದ ನೋಟಕ್ಕೆ ಎಲಿವೇಶನ್ ಎನ್ನುತ್ತಾರೆಂದು ನಾನು ಕಲಿತು ಆಗಿನ್ನೂ ಹದಿನೈದು ದಿನ ಆಗಿರಲಿಲ್ಲ. ಕಟ್ಟೆಯ ಕಲ್ಲುಗಳನ್ನು ಚರಂಡಿ ಮುಚ್ಚಲು ಬಳಸಿದರು. ನಾನು ಶಾಲೆಯ ಮಕ್ಕಳನ್ನು ಶಿರವಾಳದ ಹಳೆಯ ಗುಡಿಗಳಿಗೆ ಕರೆದುಕೊಂಡು ಹೋದಾಗಲೆಲ್ಲ, ಮುಂದಿನ ಕಲ್ಲುಕಟ್ಟೆಯ ಮೇಲೆ ಅವರನ್ನು ಕೂರಿಸಿ ಪಾಠ ಹೇಳುತ್ತೇನೆ. ದೇವರ ಮನೆಗೇ ಬೇಕೆನಿಸಿದ್ದು ನನ್ನ ಮನೆಗೆ ಬೇಡವಾಯಿತು.

ಹೊಸ ಮನೆ ನೋಡಲು ಚೆನ್ನಾಗಿಯೇ ಆಯಿತು. ಇರಲು ಮಾತ್ರ ಬರುವುದಿಲ್ಲ. ಗೋಡೆಯಿಲ್ಲದ ಅಡುಗೆಮನೆಯಲ್ಲಿ ತಂಗಿ ಮಾಡುವುದು ಬ್ರೆಡ್ಡು, ಉಪ್ಪಿಟ್ಟು. ನಾನು ಬಡಿಯುವುದು ಜೋಳದ ರೊಟ್ಟಿ. ನನ್ನ ರೊಟ್ಟಿಯ ಸದ್ದಿಗೆ ಹಾಲ್‌ನಲ್ಲಿ ಟಿವಿ ಇದ್ದೂ ಇಲ್ಲದಂತೆ. ಹಸಿಮೆಣಸಿನಕಾಯಿ ಹುರಿದರೆ ಬಂದವರೆಲ್ಲ ಕೆಮ್ಮುತ್ತಾ ಎದ್ದು ಹೋಗುತ್ತಾರೆ, ಮೊದಲೇ ಬರುವವರು ಕಡಿಮೆ. ಹದಿನೆಂಟನೇ ಮಹಡಿಯ ಗಾಜಿಗೆ ಗಾಳಿ ಬಡಿಯುತ್ತದೆ, ಮೊದಲನೇ ಮಹಡಿಯ ಗಾಜಿಗೆ ಧೂಳು. ಬಾಲ್ಕನಿಯಿಂದ ಮಲಗಿದ ಬುದ್ಧನ ಆಕಾರದ ನಮ್ಮೂರ ಗುಡ್ಡ ಕಾಣುತ್ತದೆ ಎಂದು ಎಲ್ಲರಿಗೂ ಹೇಳಿದ್ದೆ. ಕಾಣುವುದು ಶರಣಕ್ಕನ ಮನೆಯ ನೀರಿನ ಟ್ಯಾಂಕು. ಅದನ್ನು ದಾಟಿ ಕತ್ತು ಚಾಚಿದರೆ ಬುದ್ಧನ ಪಾದ ಮಾತ್ರ ಸಿಗುತ್ತದೆ. ನಮ್ಮ ಮನೆಯವರು ಸಂಜೆಯಾದರೆ ಮಾಳಿಗೆ ಹತ್ತಿ ನೀರಿನ ಪೈಪಿನ ಪಕ್ಕ ಕೂರುತ್ತಾರೆ. ಅವರ ರೆಫ್ಯೂಜ್ ಏರಿಯಾ ಅವರು ತಾವೇ ಹುಡುಕಿಕೊಂಡರು.

ನಮ್ಮ ಕಟ್ಟೆ ಹೋದ ಮೇಲೆ ಶರಣಕ್ಕ, ನೀಲಮ್ಮ ಇಬ್ಬರೂ ಶರಣಕ್ಕನ ಮನೆಯ ಕಟ್ಟೆಯ ಮೇಲೆ ಕೂರತೊಡಗಿದರು. ನಾನೂ ಅಲ್ಲಿಗೇ ಹೋಗತೊಡಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರ ಕಟ್ಟೆಯ ಮೇಲೆ ಕೂತು, ತಂಪು ಕಲ್ಲಿಗೆ ಕಾಲು ಚಾಚಿಕೊಂಡು, ಕಟ್ಟೆಯಿಲ್ಲದ ನನ್ನ ಮನೆಯನ್ನು ಹೊಗಳುತ್ತಿದ್ದೆ. ಫಾಲ್ಸ್ ಸೀಲಿಂಗು, ಡಕ್ಟು, ಬಾಲ್ಕನಿ, ಎಲಿವೇಶನ್ ಎಲ್ಲವನ್ನೂ ವಿವರಿಸುತ್ತಿದ್ದೆ. ನೀಲಮ್ಮ ಒಮ್ಮೆ, “ಅಷ್ಟು ಛಲೋ ಅದ ಅಂದ್ರ ಅಲ್ಲೇ ಕುಂದ್ರಬೇಕಲ್ರೀ ಟೀಚರ್?” ಎಂದಾಗ, “ಗಾಳಿ ತೊಗೊಳ್ಳಾಕ ಬಂದೀನ್ರಿ,” ಎಂದೆ. ಮನೆಯಲ್ಲಿ ಗಾಳಿಗಾಗಿಯೇ ಡಕ್ಟ್ ಕಟ್ಟಿಸಿದ್ದು ಆಗ ನೆನಪಾಗಲಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ನಮ್ಮ ಮನೆಯವರಿಗೆ ಜ್ವರ ಬಂತು. ನಾನು ಶಾಲೆಗೆ ರಜೆ ಹಾಕಿ, ಕಿಟಕಿಗಳ ಕಪ್ಪು ಗಾಜು ಎಳೆದು ಒಳಗೇ ಉಳಿದೆ. ಹೊರಗಿನಿಂದ ನೋಡಿದರೆ ಆ ಗಾಜಿನಲ್ಲಿ ಓಣಿ ಕಾಣುತ್ತದೆ, ನಾವು ಕಾಣುವುದಿಲ್ಲ. ಯಾರೂ ಬರಲಿಲ್ಲ. ಜ್ವರ ಬಿಟ್ಟ ಮೇಲೆ ವಿಷಯ ತಿಳಿದ ಶರಣಕ್ಕ ರಸ್ತೆಯಲ್ಲೇ ನನ್ನನ್ನು ನಿಲ್ಲಿಸಿದರು. “ಎದುರಾ ಎದುರು ಇದ್ದು ನಮಗ ಗೊತ್ತಾಗ್ಲಿಲ್ಲಲ್ರೀ. ಊರಿಗೆ ಹೋಗೀರೇನೋ ಅಂತ ತಿಳ್ದಿದ್ವಿ,” ಎಂದರು. ಅವರ ಕಣ್ಣು ತುಂಬಿತ್ತು. ಮೊದಲು ನಮ್ಮ ಮನೆಯಲ್ಲಿ ಯಾರಾದರೂ ಎರಡು ಸಲ ಸೀನಿದರೆ ಕಟ್ಟೆಯಿಂದ ಕಷಾಯದ ಸಲಹೆ ಬರುತ್ತಿತ್ತು. ಆ ದಿನ ನನಗೆ ನಿಜವಾಗಿ ದುಃಖವಾಯಿತು. ನಾನು ಕೆಡವಿಸಿದ್ದು ಬರೀ ಕಲ್ಲನ್ನಲ್ಲ ಎಂದು ಆಗ ತಿಳಿಯಿತು.

ಶರಣಕ್ಕನ ಕಟ್ಟೆಯಾದರೂ ಇದೆಯಲ್ಲ ಎಂಬ ಸಮಾಧಾನ ಒಂದಿತ್ತು. ದೀಪಾವಳಿಯಾದ ಮೇಲೆ ಒಂದು ಸಂಜೆ ಅವರು ಮೊರ ಕೆಳಗಿಟ್ಟು, “ಟೀಚರ್, ನಮ್ಮ ಮನಿನೂ ಕೆಡವಾಕತ್ತೀವ್ರಿ. ಮಹಿಬೂಬ ಭಾಯಿಗೆ ಹೇಳೀವಿ, ಸೇಮ್ ಟು ಸೇಮ್ ನಿಮ್ಮ ಮನಿ ಹಂಗ ಆಗಬೇಕು ಅಂತ,” ಎಂದರು.

“ಕಟ್ಟಿ ಇಟ್ಕೋತೀರಿ ಹೌದಲ್ರಿ?” ಎಂದೆ.

“ಕಟ್ಟಿ ಇಟ್ರ ಎಲಿವೇಶನ್ ಕೆಡ್ತದಲ್ರೀ. ನೀವೇ ಹೇಳೀರಿ.”

ಇನ್ನು ಸುಮ್ಮನಿದ್ದರೆ ಆಗದು ಎಂದು ನಿಜ ಹೇಳಿಯೇಬಿಟ್ಟೆ. ರೊಟ್ಟಿಯ ಸದ್ದು, ಧೂಳು, ಪಾರಿವಾಳ, ಬುದ್ಧನ ಪಾದ, ಯಾವುದನ್ನೂ ಮುಚ್ಚಿಡಲಿಲ್ಲ. “ನನ್ನ ಮಾತು ಕೇಳ್ರಿ ಅಕ್ಕ, ಕಟ್ಟಿ ಒಂದು ಕೆಡವಬ್ಯಾಡ್ರಿ. ನಾ ತಪ್ಪು ಮಾಡೀನಿ,” ಎಂದೆ. ಇಷ್ಟು ಪ್ರಾಮಾಣಿಕವಾಗಿ ನಾನು ನಮ್ಮ ಇಲಾಖೆಯ ಅಧಿಕಾರಿಗಳ ಮುಂದೆಯೂ ಮಾತಾಡಿದವಳಲ್ಲ. ಶರಣಕ್ಕ ಮೊರದಲ್ಲಿನ ಒಂದು ಹರಳನ್ನು ಆರಿಸಿ ಬಿಸಾಕಿದರು. “ನಿಮಗೊಬ್ಬರಿಗೇ ಇರ್ಲಿ ಅಂತ ಅನ್ನಸ್ತದ್ರಿ, ಸಹಜ. ನಮಗ ಬ್ಯಾಡೇನ್ರಿ?” ಎಂದರು. ಬೈಯಲಿಲ್ಲ. ಕನಿಕರದಿಂದಲೇ ಹೇಳಿದರು. ಅಷ್ಟು ವರ್ಷ ಹೊಗಳಿದ್ದನ್ನು ಒಂದು ಸಂಜೆಯಲ್ಲಿ ಹಳಿದರೆ ಯಾರು ತಾನೇ ನಂಬುತ್ತಾರೆ?

ಅವರ ಕಟ್ಟೆ ಒಂದೇ ದಿನದಲ್ಲಿ ಹೋಯಿತು. ನಾನು ಶಾಲೆಗೆ ಹೋಗುವಾಗ ಇತ್ತು, ಬರುವಾಗ ಇರಲಿಲ್ಲ. ಮನೆಯ ವಾಸ್ತುಶಾಂತಿಯ ದಿನ ಶರಣಕ್ಕ ನನ್ನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, “ಇವ್ರೇ ನಮಗ ದಾರಿ ತೋರ್ಸಿದವ್ರು,” ಎಂದು ಬಂದವರಿಗೆಲ್ಲ ಪರಿಚಯ ಮಾಡಿಸಿದರು. ನಾನು ಹೋಳಿಗೆ ತಿಂದು ಡಕ್ಟ್ ಹೊಗಳಿ ಬಂದೆ.

ಈಗ ಸಂಜೆಯಾದರೆ ಅವರ ಬಾಲ್ಕನಿಯಲ್ಲಿ ಅವರು, ನಮ್ಮ ಬಾಲ್ಕನಿಯಲ್ಲಿ ನಾನು. ನಡುವೆ ಒಂದು ಆಟೋ ಹೋಗುವಷ್ಟು ರಸ್ತೆ. ಕೂಗಿ ಮಾತಾಡಿದರೆ ಚೆನ್ನಾಗಿರುವುದಿಲ್ಲ ಎಂದು ಫೋನಿನಲ್ಲಿ ಮಾತಾಡುತ್ತೇವೆ. ಅವರ ದನಿ ರಸ್ತೆ ದಾಟಿ ನೇರವಾಗಿ ಮೊದಲು ಬರುತ್ತದೆ, ಫೋನಿನಲ್ಲಿ ಆಮೇಲೆ. “ಬಾಲ್ಕನ್ಯಾಗ ಒಬ್ಬಾಕಿನೇ ಕುಂತ್ರ ಹೊತ್ತು ಹೋಗಂಗಿಲ್ಲಲ್ರೀ ಟೀಚರ್. ನಿಮಗೂ ಹಿಂಗೇ ಆಗಿತ್ತೇನ್ರಿ?” ಎಂದು ಮೊನ್ನೆ ಮೆಲ್ಲಗೆ ಕೇಳಿದರು. “ರೂಢಿ ಆಗ್ತದ ಬಿಡ್ರಿ ಅಕ್ಕ,” ಎಂದೆ. ನನಗಿನ್ನೂ ಆಗಿಲ್ಲ.

ಆಗಲೇ ಕೆಳಗಿನಿಂದ ಯಾರೋ ಕರೆದಂತಾಯಿತು. ನೀಲಮ್ಮ ರಸ್ತೆಯ ನಡುವೆ ನಿಂತು, ಕತ್ತೆತ್ತಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಓಣಿಯಲ್ಲಿ ಈಗ ಉಳಿದಿರುವ ಕಟ್ಟೆ ಅವಳದೊಂದೇ. “ಇಬ್ಬರೂ ಗಾಜಿನ್ಯಾಗ ಎಷ್ಟು ಛಲೋ ಕಾಣ್ತೀರ್ರೀ! ನಮ್ಮ ಮನಿಯವ್ರೂ ಒಪ್ಪ್ಯಾರ. ಟೀಚರ್, ಆ ಗೌಂಡಿ ನಂಬರ್ ಸ್ವಲ್ಪ ಕೊಡ್ರಿ,” ಎಂದಳು. ಬೇಡ ನೀಲಮ್ಮ ಎಂದು ಹೇಳಬೇಕೆಂದು ಬಾಯಿ ತೆರೆದೆ. ಎದುರಿನ ಗಾಜಿನ ಹಿಂದಿನಿಂದ ಶರಣಕ್ಕ ನನ್ನನ್ನೇ ನೋಡುತ್ತಿದ್ದರು. ನಾನು ಒಂದೊಂದೇ ಅಂಕಿ ಬಿಡಿಸಿ, ಕೇಳಿಸಲೆಂದು ಎರಡು ಸಲ, ಮಹಿಬೂಬನ ನಂಬರು ಹೇಳಿದೆ.