ತಾಮ್ರದ ಚಕ್ಕುಲಿ ಮತ್ತು ಮೂರು ಬಕೆಟ್ ಬಿಸಿನೀರು

ಮನುಷ್ಯನಿಗೆ ಬಿಡುವು ಕೊಡಬಾರದು. ಕೊಟ್ಟರೂ ಜೊತೆಗೆ ಇಂಟರ್‌ನೆಟ್ ಕೊಡಬಾರದು. ಕೊರೋನಾ ಬಂದು ನಾವೆಲ್ಲ ಮನೆಯೊಳಗೆ ಕೂತ ಆ ವರ್ಷ ಐರ್ಲೆಂಡಿನ ಸಿಟಿವೆಸ್ಟಿನಲ್ಲಿರುವ ನಮ್ಮ ಬೀದಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿಯಿತು. ಎದುರು ಮನೆಯವರು ಬ್ರೆಡ್ ಮಾಡಲು ಕಲಿತರು, ಮೂಲೆ ಮನೆಯಾತ ಗಿಟಾರ್ ಕಲಿಯಲಾರದೆ ಹೋದದ್ದನ್ನು ಇಡೀ ಬೀದಿ ಕೇಳಿಸಿಕೊಂಡಿತು. ನಾನು ಬಿಯರ್ ಮಾಡಲು ಹೊರಟೆ. ಹಾಗೆಂದು ನಾನೇನೂ ದೊಡ್ಡ ಕುಡುಕನಲ್ಲ. ಬೆಂಗಳೂರಿನ ಆಫೀಸ್ ಪಾರ್ಟಿಗಳಲ್ಲಿ ಒಂದೇ ಗ್ಲಾಸ್ ಹಿಡಿದುಕೊಂಡು, ಅದು ಬೆಚ್ಚಗಾಗುವವರೆಗೆ ಮಸಾಲೆ ಕಡಲೆಬೀಜ ತಿಂದು, ಕೊನೆಗೆ ಗ್ಲಾಸನ್ನು ಯಾವುದಾದರೂ ಹೂಕುಂಡದ ಪಕ್ಕ ಇಟ್ಟು ಬರುತ್ತಿದ್ದವನು. ಆದರೆ ಕುಡಿಯುವುದು ಬೇರೆ, ತಯಾರಿಸುವುದು ಬೇರೆ. ತಯಾರಿಕೆಯಲ್ಲಿ ಥರ್ಮಾಮೀಟರ್ ಇದೆ, ವಿಜ್ಞಾನವಿದೆ, ಮುಖ್ಯವಾಗಿ ಕೊಂಡುಕೊಳ್ಳುವ ಸಾಮಾನುಗಳಿವೆ.

ಆ ಸಾಮಾನುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಚಿಲ್ಲರ್. ಬಿಯರ್ ಮಾಡುವುದೆಂದರೆ ಮೊದಲು ಮೊಳಕೆ ಬಾರ್ಲಿಯ ಕಷಾಯವನ್ನು ದೊಡ್ಡ ಪಾತ್ರೆಯಲ್ಲಿ ಕೊತಕೊತ ಕುದಿಸಬೇಕು. ಕುದಿದ ಮೇಲೆ ಅದನ್ನು ಬೇಗ ತಣ್ಣಗೆ ಮಾಡಬೇಕು, ಆಮೇಲೆ ಯೀಸ್ಟ್ ಹಾಕಬೇಕು. ಈ ‘ಬೇಗ’ ಎನ್ನುವುದರಲ್ಲೇ ಎಲ್ಲ ಇದೆಯೆಂದು ಬಲ್ಲವರು ಹೇಳುತ್ತಾರೆ. ತಡವಾದರೆ ಬಿಯರಿಗೆ ಬೇಯಿಸಿದ ಎಲೆಕೋಸಿನ ವಾಸನೆ ಬರುತ್ತದಂತೆ. ಅದಕ್ಕೇ ಈ ಚಿಲ್ಲರ್. ನೋಡಲು ಸುರುಳಿ ಸುತ್ತಿದ ತಾಮ್ರದ ಕೊಳವೆ, ಅಷ್ಟೇ. ಅದನ್ನು ಕುದಿಯುವ ಕಷಾಯದಲ್ಲಿ ಮುಳುಗಿಸಿ, ಒಂದು ತುದಿಯನ್ನು ಅಡುಗೆಮನೆಯ ನಲ್ಲಿಗೆ ಸಿಕ್ಕಿಸಿದರೆ ಒಳಗೆ ತಣ್ಣೀರು ಹರಿದು, ಕಷಾಯದ ಬಿಸಿಯನ್ನೆಲ್ಲ ಹೊತ್ತುಕೊಂಡು ಇನ್ನೊಂದು ತುದಿಯಿಂದ ಹೊರಬರುತ್ತದೆ. ಈ ದೇಶದ ನಲ್ಲಿ ನೀರು ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನಿಸುವಂಥದು. ಚಿಲ್ಲರಿಗೆ ಇದಕ್ಕಿಂತ ಒಳ್ಳೆಯ ತವರುಮನೆ ಸಿಗಲಾರದು ಎಂದು ನಾನು ಹಿಗ್ಗಿದೆ. ನನ್ನ ಹೆಂಡತಿ ಸವಿತಾ ಅದನ್ನು ಒಮ್ಮೆ ತಿರುಗಿಸಿ ನೋಡಿ, “ಚಕ್ಕುಲಿ ಚೆನ್ನಾಗಿದೆ, ಒತ್ತಿದೋರು ಯಾರು?” ಎಂದಳು. ಅಂದಿನಿಂದ ಮನೆಯಲ್ಲಿ ಅದರ ಹೆಸರು ಚಕ್ಕುಲಿಯೇ ಆಯಿತು.

ನನ್ನ ದುರದೃಷ್ಟಕ್ಕೆ ಚಕ್ಕುಲಿ ಮನೆಗೆ ಬಂದ ವಾರವೇ ಮನೆಗೆಲ್ಲ ಬಿಸಿನೀರು ಕೊಡುವ ಬಾಯ್ಲರ್ ಕೆಟ್ಟಿತು. ಅದು ಒಂದು ತಿಂಗಳಿಂದ ಒಳಗೊಳಗೇ ಗೊರಗೊರ ಎನ್ನುತ್ತಿತ್ತು; ಒಂದು ಬೆಳಿಗ್ಗೆ ಕೆಮ್ಮಿ ಸುಮ್ಮನಾಯಿತು. ರಿಪೇರಿಯವನು ಮಾಸ್ಕ್ ಹಾಕಿಕೊಂಡು ಬಂದು ನೋಡಿ, ಒಂದು ಪಾರ್ಟ್ ಹೋಗಿದೆ, ಅದು ಹೊರದೇಶದಿಂದ ಬರಬೇಕು, ಈ ಕಾಲದಲ್ಲಿ ಯಾವಾಗ ಬರುತ್ತದೋ ದೇವರೇ ಬಲ್ಲ ಎಂದು ಹೇಳಿ ಹೋದ. ನಲ್ಲಿಯಲ್ಲಿ ಬಿಸಿನೀರು ನಿಂತಿತು. ಸ್ನಾನಕ್ಕೆ ಒಲೆಯ ಮೇಲೆ ನೀರು ಕಾಯಿಸಿ, ಪಾತ್ರೆ ಹೊತ್ತು ಮಹಡಿ ಹತ್ತುವ ಕಾಲ ಬಂತು. ಇಲ್ಲೇ ಹುಟ್ಟಿದ ನಮ್ಮ ಹತ್ತು ವರ್ಷದ ಮಗಳು ಅನಘಾ ಮಾತ್ರ ನಿಶ್ಚಿಂತೆಯಿಂದ, “ಐಯಾಮ್ ಗ್ರಾಂಡ್ ವಿದೌಟ್ ಎ ಬಾತ್, ಡ್ಯಾಡ್” ಎಂದು ಅಚ್ಚ ಐರಿಷ್ ರಾಗದಲ್ಲಿ ಘೋಷಿಸಿದಳು. ಇಲ್ಲಿಯವರ ಗ್ರಾಂಡ್ ಎಂದರೆ ‘ಚೆನ್ನಾಗಿದೆ, ತೊಂದರೆಯಿಲ್ಲ’ ಎಂದಷ್ಟೇ.

ಅಂಥ ದಿನಗಳಲ್ಲೇ ಒಂದು ಶನಿವಾರ ನಾನು ಮೊದಲ ಬಿಯರಿಗೆ ಕೈಹಾಕಿದೆ. ಕಷಾಯ ಕುದಿಯಿತು, ಚಕ್ಕುಲಿ ಮುಳುಗಿತು, ನಲ್ಲಿ ತಿರುಗಿಸಿದೆ. ಇನ್ನೊಂದು ತುದಿಯಿಂದ ಹೊಗೆಯಾಡುವ ನೀರು ಸಿಂಕಿಗೆ ಬೀಳತೊಡಗಿತು. ಆ ಹೊತ್ತಿಗೇ ಸವಿತಾ ಅಡುಗೆಮನೆಗೆ ಬಂದಳು. ಆಕೆ ಬೆಂಗಳೂರಿನಲ್ಲಿ ನೀರಿನ ಟ್ಯಾಂಕರಿಗೆ ಕಾದು ಬೆಳೆದವಳು. ಫಿಲ್ಟರ್ ಮಷೀನು ಹೊರಹಾಕುವ ನೀರನ್ನೂ ಹಿಡಿದಿಟ್ಟು ನೆಲ ಒರೆಸುವ ಮನೆತನ. ಸಿಂಕಿನಲ್ಲಿ ಬಿಸಿನೀರು ಹರಿದುಹೋಗುವುದನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಏನ್ರೀ ಇದು! ನಾನು ಬೆಳಗ್ಗೆಯಿಂದ ಕೆಟ್ಲಲ್ಲಿ ನೀರು ಕಾಯಿಸಿ ಸಾಯ್ತಿದೀನಿ. ನೀವು ನೋಡಿದ್ರೆ ಬಿಸಿನೀರನ್ನ ಮೋರಿಗೆ ಬಿಡ್ತಿದೀರಲ್ಲ!”

ನಾನು ಶಾಖ ವಿನಿಮಯದ ಬಗ್ಗೆ ಎರಡು ಮಾತು ಹೇಳುವುದರೊಳಗೆ ಬಕೆಟ್ ಬಂತು. ಒಂದು ತುಂಬಿ ಎರಡನೆಯದು, ಎರಡು ತುಂಬಿ ಮೂರನೆಯದು. ಆ ದಿನ ಮೂವರೂ ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಂಡೆವು. ಐರ್ಲೆಂಡಿನಲ್ಲಿ ಅಂಥ ಸ್ನಾನ ನಾನು ಅದುವರೆಗೆ ಮಾಡಿರಲಿಲ್ಲ. ಮೈ ಹಗುರಾಗಿ ಸೋಫಾದ ಮೇಲೆ ಬಿದ್ದುಕೊಂಡಾಗ, ಈ ಹವ್ಯಾಸಕ್ಕೆ ಮನೆಯ ಒಪ್ಪಿಗೆ ಸಿಕ್ಕಿತೆಂದು ಖುಷಿಪಟ್ಟೆ. ಒಪ್ಪಿಗೆಯ ಜೊತೆಗೆ ಅಧಿಕಾರವೂ ಕೈಬದಲಾಗಿದೆ ಎಂದು ತಿಳಿದದ್ದು ಮುಂದಿನ ಶನಿವಾರ.

ಸಮಸ್ಯೆ ಏನೆಂದರೆ, ಕಷಾಯ ಬೇಗ ತಣ್ಣಗಾಗಲು ನಲ್ಲಿಯನ್ನು ಪೂರ್ತಿ ಬಿಡಬೇಕು. ಪೂರ್ತಿ ಬಿಟ್ಟರೆ ಹೊರಬರುವ ನೀರು ಉಗುರುಬೆಚ್ಚಗಿರುತ್ತದೆ. ನಲ್ಲಿಯನ್ನು ಸಣ್ಣಗೆ ಬಿಟ್ಟರೆ ಹೊರಗೆ ಸುಡುಸುಡು ನೀರು, ಆದರೆ ಕಷಾಯ ತಣ್ಣಗಾಗುವುದರಲ್ಲಿ ಊರಿಗೆ ಹೋಗಿ ಬರಬಹುದು. ನನಗೆ ಬೇಕಾದದ್ದು ಬಿಯರ್, ಅವಳಿಗೆ ಬೇಕಾದದ್ದು ಬಿಸಿನೀರು. ನಲ್ಲಿ ಇದ್ದದ್ದು ಒಂದೇ. ನಾನು ಎಡಕ್ಕೆ ತಿರುಗಿಸಿ ಮೀಟಿಂಗಿಗೋ ಫೋನಿಗೋ ಹೋದರೆ, ಬರುವಷ್ಟರಲ್ಲಿ ಅದು ಬಲಕ್ಕೆ ತಿರುಗಿರುತ್ತಿತ್ತು. ಒಮ್ಮೆ ಇಬ್ಬರೂ ಒಟ್ಟಿಗೆ ಕೈಹಾಕಿದಾಗ ಪೈಪು ಕಿತ್ತುಕೊಂಡು ಇಬ್ಬರಿಗೂ ತಣ್ಣೀರಿನ ಅಭಿಷೇಕವಾಯಿತು. ಅದಾದ ಮೇಲೆ ನಾನು ಸೋಲೊಪ್ಪಿಕೊಂಡೆ.

ನ್ಯಾಯವಾಗಿ ಹೇಳಬೇಕೆಂದರೆ ಚಕ್ಕುಲಿಯ ಆರೈಕೆಯನ್ನೂ ಅವಳೇ ವಹಿಸಿಕೊಂಡಳು. ನಾನು ಮೊದಲ ಸಲ ಅದನ್ನು ಒದ್ದೆಯಾಗಿಯೇ ಮೆಟ್ಟಿಲ ಕೆಳಗೆ ಎಸೆದಿದ್ದೆ. ಹಸಿರು ಕಿಲುಬು ಹಿಡಿಯಿತು. ಅದಕ್ಕೆ ಯಾವ ರಾಸಾಯನಿಕ ತರಿಸಬೇಕೆಂದು ನಾನು ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಿರುವಾಗ, ಅವಳು ದೇವರ ಪಾತ್ರೆಗಳ ಜೊತೆಗೇ ಅದನ್ನೂ ಕೂರಿಸಿಕೊಂಡು ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ, ಚೆನ್ನಾಗಿ ತೊಳೆದು, ಒಳಗಿನ ನೀರೆಲ್ಲ ಊದಿ ತೆಗೆದು ಒಣಗಲು ಇಟ್ಟಳು. ಚಕ್ಕುಲಿ ಮದುವಣಗಿತ್ತಿಯಂತೆ ಹೊಳೆಯಿತು. ಬೆಂಗಳೂರಿನಿಂದ ಅತ್ತೆ ವಿಡಿಯೋ ಕಾಲ್‌ನಲ್ಲಿ ಅದೇನೆಂದು ಕೇಳಿದಾಗ ಸವಿತಾ ಸುಳ್ಳು ಹೇಳಲಿಲ್ಲ. “ಇವ್ರು ಬಾರ್ಲಿ ನೀರು ಆರಿಸ್ತಾರಮ್ಮ” ಎಂದಳು. “ಒಳ್ಳೇದು ಕಣೆ, ಬಾರ್ಲಿ ತಂಪು. ಅಳಿಯಂದಿರು ಆರೋಗ್ಯ ಚೆನ್ನಾಗಿ ನೋಡ್ಕೊತಾರೆ” ಎಂದರು ಅತ್ತೆ.

ಈಗ ನನ್ನ ಮಾನದ ಪ್ರಶ್ನೆಗೆ ಬರುತ್ತೇನೆ. ನಮ್ಮ ಹಿತ್ತಲ ಗೋಡೆಯ ಆಚೆ ಡೆಸ್ಮಂಡ್ ಎಂಬ ಹಿರಿಯರಿದ್ದರು. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ದಿನಾ ಸಂಜೆ ಪಬ್ಬಿಗೆ ಹೋಗಿ ಒಂದೇ ಒಂದು ಪೈಂಟ್, ಎಂದರೆ ಒಂದು ದೊಡ್ಡ ಗ್ಲಾಸ್ ಬಿಯರ್ ಮುಂದಿಟ್ಟುಕೊಂಡು ಊರಿನ ಸುದ್ದಿಯೆಲ್ಲ ಮಾತಾಡಿ ಬರುವುದು ಅವರ ಸಂಧ್ಯಾವಂದನೆ. ಪಬ್ಬುಗಳು ಮುಚ್ಚಿದವು, ಎಪ್ಪತ್ತು ದಾಟಿದವರು ಮನೆ ಬಿಟ್ಟು ಕದಲಬಾರದೆಂದು ಸರ್ಕಾರ ಹೇಳಿತು. ಡಬ್ಬಿಯ ಬಿಯರ್ ಅವರಿಗೆ ಸೇರದು. ಸಂಜೆಯಾದರೆ ಕೋಟು ಹಾಕಿಕೊಂಡು ಹಿತ್ತಲಲ್ಲಿ ಸುಮ್ಮನೆ ನಿಂತಿರುತ್ತಿದ್ದರು. ನೋಡಿದರೆ ಸಂಕಟವಾಗುತ್ತಿತ್ತು. ಆಗಸ್ಟಿನಲ್ಲಿ ಅವರಿಗೆ ಎಪ್ಪತ್ತೈದು ತುಂಬುತ್ತದೆಂದು ತಿಳಿದಾಗ ನಾನು ಗೋಡೆಯ ಈಚೆಯಿಂದ, “ಹುಟ್ಟುಹಬ್ಬಕ್ಕೆ ಪಬ್ಬಿಗಿಂತ ಒಳ್ಳೆಯ ಪೈಂಟ್ ನಾನು ಕೊಡ್ತೀನಿ” ಎಂದು ಮಾತು ಕೊಟ್ಟುಬಿಟ್ಟೆ. ರುಚಿಗೆಂದು ಅದುವರೆಗೆ ಮಾಡಿದ್ದರಲ್ಲಿ ಒಂದು ಬಾಟಲಿಯನ್ನೂ ದಾಟಿಸಿದೆ.

ಮರುದಿನ ಖಾಲಿ ಬಾಟಲಿ ಗೋಡೆಯ ಮೇಲಿತ್ತು. “ಗ್ರಾಂಡ್” ಎಂದರು ಡೆಸ್ಮಂಡ್. ಈ ದೇಶದಲ್ಲಿ ಕಾಲು ಮುರಿದವನೂ ಗ್ರಾಂಡ್ ಎನ್ನುತ್ತಾನೆ, ನಾನು ನಂಬಲಿಲ್ಲ. ಅದಕ್ಕೆ ಎಲೆಕೋಸಿನ ವಾಸನೆ ಗಟ್ಟಿಯಾಗಿಯೇ ಇತ್ತು. “ಏನ್ಮಾಡೋದು, ನನ್ನ ಹೆಂಡತಿ ನಲ್ಲಿ ಸಣ್ಣ ಮಾಡಿ ಹಾಳು ಮಾಡಿದಳು. ಹುಟ್ಟುಹಬ್ಬದ್ದು ನೋಡ್ತಾ ಇರಿ” ಎಂದೆ. ಕಿಟಕಿಯಲ್ಲಿ ಕೇಳಿಸಿಕೊಂಡ ಸವಿತಾ ಒಳಗಿನಿಂದಲೇ, “ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ” ಎಂದಳು.

ದೇವರು ನನ್ನ ಕಡೆಗಿದ್ದ. ಹುಟ್ಟುಹಬ್ಬದ ಬಿಯರ್ ಕುದಿಸಬೇಕಾದ ವಾರವೇ ಬಾಯ್ಲರಿನ ಪಾರ್ಟ್ ಬಂತು. ಮೇಲೆ ಶವರಿನಲ್ಲಿ ಬಿಸಿನೀರು ಸುರಿಯಿತು. ಸವಿತಾ ಬಕೆಟ್‌ಗಳನ್ನು ಶೆಡ್ಡಿಗೆ ಸಾಗಿಸಿ, “ಇನ್ನು ನಿಮ್ಮ ನಲ್ಲಿ ನಿಮಗೆ” ಎಂದು ರಾಜ್ಯ ಬಿಟ್ಟುಕೊಟ್ಟಳು. ನಾನು ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಥರ್ಮಾಮೀಟರ್ ದಡದಡ ಇಳಿಯಿತು. ಪುಸ್ತಕದಲ್ಲಿ ಹೇಗೆ ಬರೆದಿದೆಯೋ ಹಾಗೇ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಬಿಯರ್ ಮಾಡಿದೆ. ಎಲೆಕೋಸಿನ ಸುಳಿವೇ ಇರಲಿಲ್ಲ.

ಹುಟ್ಟುಹಬ್ಬದ ಸಂಜೆ ಡೆಸ್ಮಂಡ್ ಕೋಟಿನ ಜೊತೆಗೆ ಟೈ ಕೂಡ ಕಟ್ಟಿಕೊಂಡು ಗೋಡೆಯ ಬಳಿ ಬಂದರು. ನಾನು ಗ್ಲಾಸ್ ತುಂಬಿಸಿ ಗೋಡೆಯ ಮೇಲಿಟ್ಟು, ಎರಡು ಮೀಟರ್ ಹಿಂದೆ ಸರಿದು ಪರೀಕ್ಷೆ ಬರೆದ ಹುಡುಗನಂತೆ ನಿಂತೆ. ಅವರು ಒಂದು ಗುಟುಕು ಕುಡಿದರು. ಆಕಾಶ ನೋಡಿದರು. ಇನ್ನೊಂದು ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟರು.

“ಇದಕ್ಕೇನೂ ತೊಂದರೆಯಿಲ್ಲ,” ಎಂದರು ಮೆಲ್ಲಗೆ. “ಆದರೆ ಆವತ್ತು ಕೊಟ್ಟದ್ದಿತ್ತಲ್ಲ, ಕುಡಿದರೆ ಭಾನುವಾರ ಮಧ್ಯಾಹ್ನ ನಮ್ಮಮ್ಮನ ಅಡುಗೆಮನೆಗೆ ಹೋದ ಹಾಗಿತ್ತು. ಒಲೆಯ ಮೇಲೆ ಕೋಸು ಬೇಯ್ತಾ ಇರೋದು. ಅದನ್ನ ಹಾಳು ಮಾಡಿದ್ದು ನಿನ್ನ ಹೆಂಡತಿ ಅಂದೆಯಲ್ಲ?”

“ಹೌದು,” ಎಂದೆ.

“ಇದನ್ನೂ ಸ್ವಲ್ಪ ಹಾಳು ಮಾಡೋಕೆ ಅವಳಿಗೆ ಹೇಳಬಾರದಿತ್ತಾ?”

ಅಡುಗೆಮನೆಯ ಕಿಟಕಿ ಆವತ್ತೂ ತೆರೆದಿತ್ತು. ಒಂದು ಕ್ಷಣದಲ್ಲಿ ಸವಿತಾ ಹೊರಬಂದಳು. ನಾನು ಚೆಲ್ಲಬೇಕೆಂದು ಮೆಟ್ಟಿಲ ಕೆಳಗೆ ಇಟ್ಟಿದ್ದ ಹಳೆಯ ಬಿಯರಿನ ಕೊನೆಯ ಬಾಟಲಿ ಅವಳ ಕೈಯಲ್ಲಿತ್ತು. ಡೆಸ್ಮಂಡ್ ಅದನ್ನು ಪೂರ್ತಿ ಕುಡಿದರು. ಕುಡಿಯುತ್ತ ಅಮ್ಮನ ಬಗ್ಗೆ, ಏಳು ಜನ ಮಕ್ಕಳ ಊಟದ ಮೇಜಿನ ಬಗ್ಗೆ ಕತ್ತಲಾಗುವವರೆಗೆ ಮಾತಾಡಿದರು. ಸವಿತಾ ಗೋಡೆಗೆ ಮೊಣಕೈ ಊರಿ ಕೇಳುತ್ತ ನಿಂತಿದ್ದಳು. ಕೊಟ್ಟ ಮಾತು ಉಳಿದದ್ದಕ್ಕೆ ನನಗೆ ನಿಜವಾಗಿಯೂ ಸಂತೋಷವಾಯಿತು. ಉಳಿಸಿದ್ದು ಮಾತ್ರ ನಾನಲ್ಲ. ನನ್ನ ಶಾಸ್ತ್ರೋಕ್ತ ಬಿಯರನ್ನು ನಾನೇ ಕುಡಿದೆ. ಅದರಲ್ಲಿ ಯಾವ ದೋಷವೂ ಇರಲಿಲ್ಲ, ರುಚಿಯೂ ಇರಲಿಲ್ಲ.

ಮುಂದಿನ ಶನಿವಾರ ಕಷಾಯ ಕುದಿಯುವಾಗ ಅವಳನ್ನು ಕರೆದು, ನಲ್ಲಿ ನೀನೇ ಹಿಡಿ ಎಂದೆ.

“ನಾನ್ಯಾಕ್ರೀ ಹಿಡೀಲಿ? ನಂಗೆ ಮೇಲೆ ಬಿಸಿನೀರು ಬರ್ತಾ ಇದೆ,” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಮಹಡಿ ಹತ್ತಿದಳು.

ನಾನೇ ಸಣ್ಣಗೆ ಬಿಟ್ಟು ನೋಡಿದೆ. ಕೋಸಿನ ವಾಸನೆಯೇನೋ ಬಂತು, ಆದರೆ ಡೆಸ್ಮಂಡರ ಅಮ್ಮ ಬರಲಿಲ್ಲ. ಈಗ ‘ಹಾಳು ಮಾಡಿದಳು’ ಎಂದು ಬೈಯಲು ನಲ್ಲಿಯ ಬಳಿ ಯಾರೂ ಇಲ್ಲ. ಅದಕ್ಕೇ ಯಾರೂ ಇಲ್ಲದ ಹೊತ್ತು ನೋಡಿ ಬಾಯ್ಲರಿನ ಬಳಿ ಹೋಗಿ ಕಿವಿಯಿಟ್ಟು ನಿಲ್ಲುತ್ತೇನೆ, ಎಲ್ಲಾದರೂ ಆ ಹಳೆಯ ಗೊರಗೊರ ಶುರುವಾಗಿದೆಯೇನೋ ಎಂದು.